ಡಿಸ್ಲೆಕ್ಸಿಯಾ, ಎಡಿಎಚ್‌ಡಿ, ಆಟಿಸಂ ಇರುವ ಮಕ್ಕಳಿಗೆ ಕಾಲೇಜು ಆರಿಸುವುದು ಹೇಗೆ?

ಪ್ರಶ್ನೆ: ನಾವು ಸಿಂಧನೂರಿನವರು. ಮಗ ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿದ್ದಾನೆ. ಎಂಟನೆಯ ತರಗತಿಯಲ್ಲಿದ್ದಾಗ, ಓದುವುದು ಬರೆಯುವುದು ಕಷ್ಟವಾಗುವ ಡಿಸ್ಲೆಕ್ಸಿಯಾ ಇದೆ ಎಂದು ತಿಳಿಯಿತು. ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿ ಕೂಡ ಇದೆ ಎಂದು ವೈದ್ಯರು ಹೇಳಿದ್ದಾರೆ. ಬಾಯಿಂದ ಕೇಳಿದರೆ ಪಾಠವನ್ನೆಲ್ಲ ಒಪ್ಪಿಸುತ್ತಾನೆ, ಬರೆಯಲು ಕುಳಿತರೆ ಅರ್ಧ ಪುಟಕ್ಕೇ ಸೋತುಹೋಗುತ್ತಾನೆ. ಪದವಿಗೆ ಬೆಂಗಳೂರಿಗೇ ಕಳುಹಿಸಿ ಎಂದು ಬಂಧುಗಳು ಹೇಳುತ್ತಿದ್ದಾರೆ. ನಮ್ಮ ಭಾಗದ ಕಾಲೇಜಿನಲ್ಲಿ ಇಂಥ ಮಕ್ಕಳು ಓದಲು ಸಾಧ್ಯವೇ? ಕಾಲೇಜಿನವರಿಗೆ ವಿಷಯ ತಿಳಿಸಬೇಕೇ, ಬೇಡವೇ?

ಉತ್ತರ: ಖಂಡಿತ ಸಾಧ್ಯ. ಗಂಗಾವತಿ, ಸಿರುಗುಪ್ಪ, ಮಾನ್ವಿಯ ತಂದೆತಾಯಿಯರೂ ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಿರುತ್ತಾರೆ, ಮತ್ತು ಬಹುತೇಕ ಎಲ್ಲರೂ ಯಾವ ಊರು, ಯಾವ ಕಾಲೇಜು ಎಂಬಲ್ಲಿಂದಲೇ ಆರಂಭಿಸುತ್ತಾರೆ. ಮೊದಲು ನೋಡಬೇಕಾದದ್ದು ಕಾಲೇಜಿನ ಹೆಸರನ್ನಲ್ಲ, ಅಲ್ಲಿ ನಿಮ್ಮ ಮಗನ ಒಂದು ದಿನ ಹೇಗೆ ಕಳೆಯುತ್ತದೆ ಮತ್ತು ವರ್ಷಕ್ಕೆ ಎರಡು ಬಾರಿ ಬರುವ ಸೆಮಿಸ್ಟರ್ ಪರೀಕ್ಷೆಯಲ್ಲಿ ಅವನಿಗೆ ನ್ಯಾಯವಾಗಿ ಸಿಗಬೇಕಾದ ಸೌಲಭ್ಯ ಸಿಗುತ್ತದೆಯೇ ಎಂಬುದನ್ನು. ಇವೆರಡೂ ಸರಿಯಿದ್ದರೆ ಸಿಂಧನೂರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜೂ ಒಳ್ಳೆಯದೇ. ಇವೆರಡೂ ಇಲ್ಲದಿದ್ದರೆ ರಾಜಧಾನಿಯ ಹೆಸರಾಂತ ಕಾಲೇಜಿನಿಂದಲೂ ಪ್ರಯೋಜನವಾಗದು.

ಒಂದು ಸಾಮಾನ್ಯ ತರಗತಿಯನ್ನೇ ತೆಗೆದುಕೊಳ್ಳಿ. ನಮ್ಮ ಪದವಿ ಕಾಲೇಜುಗಳಲ್ಲಿ ಇಂದಿಗೂ ಪಾಠದ ಬಹುಭಾಗ ನೋಟ್ಸ್ ಬರೆಸುವುದರಲ್ಲೇ ಮುಗಿಯುತ್ತದೆ. ಅಧ್ಯಾಪಕರು ಒಂದು ವಾಕ್ಯವನ್ನು ಎರಡು ಸಲ ಹೇಳಿ ಮುಂದಕ್ಕೆ ಹೋಗುತ್ತಾರೆ, ಬೆಂಚಿನಲ್ಲಿ ಕುಳಿತವರು ತಲೆಯೆತ್ತದೆ ಬರೆಯುತ್ತಾ ಹೋಗುತ್ತಾರೆ. ಡಿಸ್ಲೆಕ್ಸಿಯಾ ಇರುವ ವಿದ್ಯಾರ್ಥಿ ಮೊದಲ ವಾಕ್ಯದ ಮೂರನೆಯ ಪದದ ಕಾಗುಣಿತದಲ್ಲಿ ತಡವರಿಸುತ್ತಿರುವಾಗಲೇ ನಾಲ್ಕನೆಯ ವಾಕ್ಯ ಬಂದಿರುತ್ತದೆ. ಅವನು ಪದಗಳನ್ನು ಬೆನ್ನಟ್ಟುವುದರಲ್ಲೇ ದಣಿಯುವುದರಿಂದ, ಕೇಳಿದ್ದರೆ ಸುಲಭವಾಗಿ ಅರ್ಥವಾಗುತ್ತಿದ್ದ ವಿಷಯವೂ ಕೈತಪ್ಪುತ್ತದೆ. ಗಂಟೆಯ ಕೊನೆಗೆ ಅವನ ಪುಸ್ತಕದಲ್ಲಿ ತುಂಡು ವಾಕ್ಯಗಳಿರುತ್ತವೆ, ತಲೆಯಲ್ಲಿ ಪಾಠವಿರುವುದಿಲ್ಲ. ಆದ್ದರಿಂದ ಪ್ರವೇಶಕ್ಕೆ ಮೊದಲು ಕಾಲೇಜಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಫಲಿತಾಂಶದ ಶೇಕಡಾವಾರು ಎಷ್ಟು ಎಂಬುದಲ್ಲ. ನೋಟ್ಸಿನ ಪ್ರತಿಯನ್ನು ಮುಂಚಿತವಾಗಿ ಕೊಡುತ್ತಾರೆಯೇ, ಮೊಬೈಲಿನಲ್ಲಿ ಪಾಠವನ್ನು ಧ್ವನಿಮುದ್ರಿಸಿಕೊಳ್ಳಲು ಬಿಡುತ್ತಾರೆಯೇ, ಒಂದು ವಿಭಾಗದಲ್ಲಿ ಎಷ್ಟು ವಿದ್ಯಾರ್ಥಿಗಳಿರುತ್ತಾರೆ ಎಂಬುದನ್ನು ಕೇಳಿ. ಎಡಿಎಚ್‌ಡಿ ಇರುವ ಹುಡುಗನಿಗೆ ನೂರು ಜನರ ಕೊಠಡಿಯ ಕೊನೆಯ ಬೆಂಚಿಗೂ ಐವತ್ತು ಜನರ ಕೊಠಡಿಯ ಮುಂದಿನ ಬೆಂಚಿಗೂ ಬಹಳ ಅಂತರವಿದೆ.

ಇನ್ನು ಬೆಂಗಳೂರಿನ ಮಾತು. ಅಲ್ಲಿ ಮನಶ್ಶಾಸ್ತ್ರಜ್ಞರು, ಆಪ್ತ ಸಮಾಲೋಚಕರು, ಪರಿಣತ ವೈದ್ಯರು ಹೆಚ್ಚು ಸಿಗುತ್ತಾರೆ ಎಂಬುದು ನಿಜ. ಆದರೆ ಸಮಯಕ್ಕೆ ಏಳುವುದು, ಬಟ್ಟೆ, ಊಟ, ಹಣ, ಬಸ್ಸು, ಅಸೈನ್‌ಮೆಂಟಿನ ಕೊನೆಯ ದಿನಾಂಕ, ಇವೆಲ್ಲವನ್ನೂ ನೆನಪಿಟ್ಟು ನಡೆಸುವ ಕೆಲಸ ಇಲ್ಲಿಯವರೆಗೆ ಮನೆಯವರ ನೆರವಿನಿಂದ ಸಾಗುತ್ತಿತ್ತು, ಮತ್ತು ಎಡಿಎಚ್‌ಡಿ ಇರುವವರಿಗೆ ಪಾಠಕ್ಕಿಂತ ಕಠಿಣವಾಗುವುದು ಈ ಕೆಲಸವೇ. ಮನೆ ಬಿಡುವುದು ಮತ್ತು ಪದವಿ ಆರಂಭಿಸುವುದು ಎರಡೂ ಒಂದೇ ತಿಂಗಳಲ್ಲಿ ಬರದಂತೆ ನೋಡಿಕೊಳ್ಳುವುದು ಉತ್ತಮ ಎಂಬುದು ನನ್ನ ಅಭಿಪ್ರಾಯ. ಮೂರು ವರ್ಷದ ಪದವಿಯನ್ನು ಹತ್ತಿರದಲ್ಲಿ ಮುಗಿಸಿ ಸ್ನಾತಕೋತ್ತರ ಓದಿಗೆ ದೂರ ಹೋಗಬಹುದು. ಸಂವಿಧಾನದ 371ಜೆ ವಿಧಿಯೂ ಇದೇ ಕಡೆಗೆ ತೂಗುತ್ತದೆ. ಅದರ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70ರಷ್ಟು ಸೀಟುಗಳ ಮೀಸಲಾತಿಯಿದೆ, ರಾಜ್ಯದ ಉಳಿದ ಭಾಗದಲ್ಲಿ ಅದು ಶೇ 8 ಮಾತ್ರ. ಇದಕ್ಕೆ ಬೇಕಾದ ಸ್ಥಳೀಯ ವ್ಯಕ್ತಿ ಪ್ರಮಾಣಪತ್ರವನ್ನು ಸಹಾಯಕ ಆಯುಕ್ತರು ಕೊಡುತ್ತಾರೆ.

ಹತ್ತಿರ ಎಂದ ಮಾತ್ರಕ್ಕೆ ದಿನವೂ ಬಸ್ಸಿನಲ್ಲಿ ಓಡಾಡಲಿ ಎಂದಲ್ಲ. ಸಿಂಧನೂರಿನಿಂದ ರಾಯಚೂರಿಗೆ ಹೋಗಿಬರುವುದರಲ್ಲಿ ದಿನದ ನಾಲ್ಕು ತಾಸು ಕಳೆದರೆ ಸಂಜೆ ಓದಲು ಯಾವ ಮಗುವಿಗೂ ಚೈತನ್ಯ ಉಳಿಯುವುದಿಲ್ಲ. ಬಸ್ ನಿಲ್ದಾಣದ ಗದ್ದಲ, ನೂಕುನುಗ್ಗಲು, ಹಾರ್ನಿನ ಸದ್ದು, ಜನರೊಡನೆ ಬೆರೆಯುವುದೂ ಗದ್ದಲ, ಬದಲಾವಣೆ ಸಹಿಸುವುದೂ ಕಷ್ಟವಾಗುವ ಆಟಿಸಂ ಇರುವ ವಿದ್ಯಾರ್ಥಿಯನ್ನು ತರಗತಿಗೆ ಕಾಲಿಡುವ ಮೊದಲೇ ಬಳಲಿಸುತ್ತವೆ. ಊರಿನ ಕಾಲೇಜಿನಲ್ಲಿ ಬೇಕಾದ ಕೋರ್ಸ್ ಇದ್ದರೆ ಅದನ್ನೇ ಮೊದಲು ಪರಿಶೀಲಿಸಿ. ಇಲ್ಲವಾದರೆ ಕಾಲೇಜಿನ ಹತ್ತಿರದಲ್ಲೇ ಬಂಧುಗಳ ಮನೆಯೋ ಬಾಡಿಗೆ ಕೋಣೆಯೋ ಸಿಗುತ್ತದೆಯೇ ನೋಡಿ, ಎಂಟು ಹತ್ತು ಜನ ಒಂದೇ ಕೋಣೆಯಲ್ಲಿರುವ ಹಾಸ್ಟೆಲನ್ನು ಕೊನೆಯ ಆಯ್ಕೆಯಾಗಿ ಇಟ್ಟುಕೊಳ್ಳಿ.

ಯಾವ ಕಾಲೇಜಾದರೂ ಆಗಲಿ, ಕಾಗದಪತ್ರದ ಕೆಲಸ ಈಗಲೇ ಆರಂಭವಾಗಬೇಕು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದು 2017ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಅದರಲ್ಲಿ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆ ಎರಡೂ ಸೇರಿವೆ. ಡಿಸ್ಲೆಕ್ಸಿಯಾ ಬರುವುದು ಈ ಎರಡನೆಯದರ ಅಡಿಯಲ್ಲಿ. ಎಡಿಎಚ್‌ಡಿಯ ಹೆಸರು ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲದಿರುವುದರಿಂದ ನಿಮ್ಮ ಮಗನ ಅರ್ಜಿಯಲ್ಲಿ ಕಲಿಕಾ ನ್ಯೂನತೆಯನ್ನೇ ಮುಂದಿಡಬೇಕು. ವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣಪತ್ರ ಪಡೆದವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟುಗಳನ್ನು ಮೀಸಲಿಡಬೇಕೆಂದೂ, ಪ್ರವೇಶದ ಗರಿಷ್ಠ ವಯೋಮಿತಿಯಲ್ಲಿ ಐದು ವರ್ಷಗಳ ಸಡಿಲಿಕೆ ಕೊಡಬೇಕೆಂದೂ ಕಾಯ್ದೆಯ 32ನೆಯ ಸೆಕ್ಷನ್ ಹೇಳುತ್ತದೆ. ಒಂದೆರಡು ವರ್ಷ ತಡವಾಗಿ ಓದುತ್ತಿರುವ ಮಕ್ಕಳ ಪೋಷಕರು ಈ ಕೊನೆಯ ಅಂಶವನ್ನು ಗಮನಿಸಬೇಕು.

ಎಂಟನೆಯ ತರಗತಿಯಲ್ಲಿ ಮಾಡಿಸಿದ ಪರೀಕ್ಷೆಯ ವರದಿಯನ್ನು ನಂಬಿ ಕುಳಿತುಕೊಳ್ಳಬೇಡಿ. ಕಲಿಕಾ ನ್ಯೂನತೆಗೆ 14 ಮತ್ತು 18ನೆಯ ವಯಸ್ಸಿನಲ್ಲಿ ಮರುಪರೀಕ್ಷೆ ಮಾಡಿಸಬೇಕು, 18ರಲ್ಲಿ ಕೊಟ್ಟ ಪ್ರಮಾಣಪತ್ರ ಜೀವನಪರ್ಯಂತ ನಡೆಯುತ್ತದೆ ಎಂಬ ಕ್ರಮವನ್ನು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ತಂದಿತು. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ, ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ತಪಾಸಣೆಗೆ ದಿನ ಪಡೆಯಿರಿ. ಅರ್ಜಿ ತುಂಬಲು ಕಷ್ಟವಾದರೆ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇರುತ್ತಾರೆ, ಇದು ಅವರ ಕೆಲಸವೇ ಆದ್ದರಿಂದ ಸಂಕೋಚಪಡಬೇಕಾಗಿಲ್ಲ. ಕಲಿಕಾ ನ್ಯೂನತೆಯ ಪರೀಕ್ಷೆಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕಾಗುತ್ತಾರೆ. ಜಿಲ್ಲೆಯಲ್ಲಿ ಅವರು ಸಿಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗಿಂತ ಮೊದಲು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನಲ್ಲಿ ವಿಚಾರಿಸಿ, ಕೊಪ್ಪಳದವರಿಗಂತೂ ಅದು ಬಹಳ ಹತ್ತಿರ. ಬೇಸಿಗೆಯಲ್ಲಿ ಕಚೇರಿಗಳಿಗೆ ಹೋಗುವವರು ನೆನಪಿಡಬೇಕಾದ ಒಂದು ಸಣ್ಣ ವಿಷಯವೆಂದರೆ, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುತ್ತವೆ. ಪಿಯುಸಿ ಫಲಿತಾಂಶ ಬಂದು ಪ್ರವೇಶದ ಓಡಾಟ ನಡೆಯುವುದೂ ಅದೇ ದಿನಗಳಲ್ಲಿ.

ಈ ಕಾಗದಪತ್ರಗಳ ನಿಜವಾದ ಬೆಲೆ ತಿಳಿಯುವುದು ಪರೀಕ್ಷೆಯ ಹೊತ್ತಿಗೆ. 2018ರ ಆಗಸ್ಟ್‌ನಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಂತೆ, ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು. ಎಂದರೆ ಮೂರು ಗಂಟೆಯ ಪತ್ರಿಕೆಗೆ ನಾಲ್ಕು ಗಂಟೆ. ಕೈಯಿಂದ ಬರೆಯಲು ಆಗದವರು ಸ್ಕ್ರೈಬ್ ಪಡೆಯಬಹುದು, ಎಂದರೆ ವಿದ್ಯಾರ್ಥಿ ಬಾಯಿಂದ ಹೇಳಿದ ಉತ್ತರವನ್ನು ಇನ್ನೊಬ್ಬರು ಬರೆದುಕೊಡುತ್ತಾರೆ. ಬಾಯಿಂದ ಕೇಳಿದರೆ ಎಲ್ಲವನ್ನೂ ಒಪ್ಪಿಸುತ್ತಾನೆ ಎಂದು ನೀವು ಬರೆದಿರುವ ಮಗನಿಗೆ ಇದಕ್ಕಿಂತ ಹೊಂದುವ ವ್ಯವಸ್ಥೆ ಇನ್ನೊಂದಿಲ್ಲ. ಪ್ರಮಾಣಪತ್ರದಲ್ಲಿ ಶೇ 40ಕ್ಕಿಂತ ಕಡಿಮೆ ಬಂದರೂ ಕೈಚೆಲ್ಲಬೇಡಿ. ಬರೆಯುವ ತೊಂದರೆಯಿದ್ದ ನಾಗರಿಕ ಸೇವಾ ಪರೀಕ್ಷೆಯ ಅಭ್ಯರ್ಥಿ ವಿಕಾಶ್ ಕುಮಾರ್ ಅವರ ಪ್ರಕರಣದಲ್ಲಿ 2021ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಸ್ಕ್ರೈಬ್ ಸೌಲಭ್ಯವನ್ನು ಶೇ 40ರ ಗಡಿ ದಾಟಿದವರಿಗೆ ಮಾತ್ರ ಸೀಮಿತಗೊಳಿಸುವಂತಿಲ್ಲ ಎಂದಿತು. ಅದರ ಫಲವಾಗಿ 2022ರಲ್ಲಿ, ಶೇ 40ಕ್ಕಿಂತ ಕಡಿಮೆಯಿದ್ದು ಬರೆಯಲು ಕಷ್ಟಪಡುವವರಿಗಾಗಿಯೇ ಬೇರೆ ಮಾರ್ಗಸೂಚಿ ಬಂದಿತು. ಆ ಸೌಲಭ್ಯಕ್ಕೆ ಸರ್ಕಾರಿ ವೈದ್ಯಾಧಿಕಾರಿಗಳ ಸಮಿತಿ ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರ ಬೇಕೆಂದು ಅದು ಹೇಳಿತು.

ಇಲ್ಲಿ ಅನೇಕ ಪೋಷಕರಿಗೆ ತಿಳಿಯದ ಒಂದು ಮಾತಿದೆ. ಈ ಅನುಮತಿ ಕೊಡುವ ಅಧಿಕಾರ ತರಗತಿಯ ಅಧ್ಯಾಪಕರಿಗಾಗಲಿ ಪರೀಕ್ಷಾ ಕೊಠಡಿಯ ಮೇಲ್ವಿಚಾರಕರಿಗಾಗಲಿ ಇರುವುದಿಲ್ಲ. ಪ್ರಾಂಶುಪಾಲರ ಮೂಲಕ ಅರ್ಜಿ ವಿಶ್ವವಿದ್ಯಾಲಯದ ಕುಲಸಚಿವರಿಗೆ, ಅದರಲ್ಲೂ ಮೌಲ್ಯಮಾಪನ ವಿಭಾಗದ ಕುಲಸಚಿವರಿಗೆ ಹೋಗಬೇಕು. ಬಳ್ಳಾರಿಯ ಪದವಿ ಕಾಲೇಜಾದರೆ ಅದು ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ರಾಯಚೂರು, ಕೊಪ್ಪಳದಲ್ಲಿ ಆಯಾ ಜಿಲ್ಲೆಯ ವಿಶ್ವವಿದ್ಯಾಲಯ. ಎಂಜಿನಿಯರಿಂಗ್ ಕಾಲೇಜು ಬಳ್ಳಾರಿಯಲ್ಲೇ ಇದ್ದರೂ ವಿಟಿಯುಗೆ ಸೇರಿದ್ದಾದರೆ ಬೆಳಗಾವಿಗೆ. ಹಾಲ್ ಟಿಕೆಟ್ ಬಂದ ಮೇಲೆ ಅರ್ಜಿ ಬರೆದರೆ ತಡವಾಗುತ್ತದೆ. ಪ್ರವೇಶ ಪಡೆದ ತಿಂಗಳಲ್ಲೇ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಸ್ಕ್ರೈಬನ್ನು ನೀವೇ ಕರೆತರಬೇಕಾಗಿ ಬಂದರೆ ಅವರ ವಿದ್ಯಾರ್ಹತೆ ಪರೀಕ್ಷಾರ್ಥಿಯದಕ್ಕಿಂತ ಒಂದು ಹಂತ ಕಡಿಮೆಯಿರಬೇಕೆಂಬ ನಿಯಮ 2018ರ ಮಾರ್ಗಸೂಚಿಯಲ್ಲಿತ್ತು, ಈಗಿನ ನಿಯಮವನ್ನು ವಿಶ್ವವಿದ್ಯಾಲಯದಲ್ಲಿ ಕೇಳಿ ತಿಳಿದುಕೊಳ್ಳಿ. ಅಂಥವರು ಸಾಮಾನ್ಯವಾಗಿ ವಿದ್ಯಾರ್ಥಿಗಳೇ ಆಗಿರುತ್ತಾರೆ, ಅವರಿಗೂ ತಮ್ಮ ಪರೀಕ್ಷೆಗಳಿರುತ್ತವೆ. ಆದ್ದರಿಂದ ಇಬ್ಬರನ್ನು ಗೊತ್ತುಮಾಡಿಕೊಂಡು, ಮನೆಯಲ್ಲಿ ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಮಗನಿಂದ ಹೇಳಿಸಿ ಅವರಿಂದ ಬರೆಸಿ ಅಭ್ಯಾಸ ಮಾಡಿಸಿ. ಉತ್ತರವನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು, ಅಂಕಿಅಂಶ, ಉಪಶೀರ್ಷಿಕೆ, ಲೆಕ್ಕದ ಕೋಷ್ಟಕ ಸಹಿತ ಇನ್ನೊಬ್ಬರಿಗೆ ಹೇಳಿ ಬರೆಸುವುದು ಕಲಿತು ಬರಬೇಕಾದ ವಿದ್ಯೆ. ಅಂತಿಮ ಖಾತೆ, ಜಮಾ ಖರ್ಚಿನ ಪಟ್ಟಿಗಳಿರುವ ವಾಣಿಜ್ಯ ವಿದ್ಯಾರ್ಥಿಗೆ ಅದು ಇನ್ನೂ ಹೆಚ್ಚು ಅಭ್ಯಾಸ ಬೇಡುತ್ತದೆ.

ಕಾಲೇಜಿಗೆ ತಿಳಿಸಬೇಕೇ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇದರಲ್ಲೇ ಅರ್ಧ ಸಿಕ್ಕಿರಬಹುದು. ತಿಳಿಸದಿದ್ದರೆ ಯಾವ ಸೌಲಭ್ಯವೂ ಸಿಗುವುದಿಲ್ಲ. ಆದರೆ ಎಲ್ಲರಿಗೂ ತಿಳಿಸಬೇಕಾಗಿಲ್ಲ. ಪ್ರಾಂಶುಪಾಲರಿಗೆ ಲಿಖಿತವಾಗಿ, ತರಗತಿಯ ಜವಾಬ್ದಾರಿ ಹೊತ್ತ ಒಬ್ಬ ಅಧ್ಯಾಪಕರಿಗೆ ಮುಖತಃ ತಿಳಿಸಿದರೆ ಸಾಕು. ಸಹಪಾಠಿಗಳಿಗೆ ಹೇಳುವುದು, ಬಿಡುವುದು ಮಗನ ನಿರ್ಧಾರ, ಅದನ್ನು ತಂದೆತಾಯಿ ಕೈಗೆತ್ತಿಕೊಳ್ಳಬಾರದು. ಅವನಿಗೆ ಹದಿನೆಂಟು ತುಂಬುತ್ತಿದೆ. ಪ್ರಾಂಶುಪಾಲರ ಕೊಠಡಿಯಲ್ಲಿ ನೀವು ಮಾತನಾಡಿ ಅವನನ್ನು ಹೊರಗೆ ನಿಲ್ಲಿಸುವ ಬದಲು, ತನಗೆ ಏನು ಕಷ್ಟ, ಏನು ಬೇಕು ಎಂಬುದನ್ನು ಎರಡು ಮೂರು ವಾಕ್ಯಗಳಲ್ಲಿ ಅವನೇ ಹೇಳುವಂತೆ ಸಿದ್ಧಪಡಿಸಿ. "ನನಗೆ ಓದುವುದೂ ಬರೆಯುವುದೂ ನಿಧಾನ ಸರ್, ಕೇಳಿದರೆ ಚೆನ್ನಾಗಿ ತಿಳಿಯುತ್ತದೆ, ನೋಟ್ಸಿನ ಪ್ರತಿ ಮೊದಲೇ ಸಿಕ್ಕರೆ ಅನುಕೂಲ" ಎಂದಷ್ಟೇ ಹೇಳಿದರೂ ಸಾಕು, ತೊಂದರೆಯ ಹೆಸರುಗಳ ವಿವರಣೆ ಬೇಕಿಲ್ಲ. ಈ ಮಾತಿಗೆ ಪ್ರಾಂಶುಪಾಲರು ಹೇಗೆ ಸ್ಪಂದಿಸುತ್ತಾರೆ ಎಂಬುದನ್ನು ನೀವು ಪಕ್ಕದಲ್ಲಿ ಕುಳಿತು ಗಮನಿಸಿ. "ಎಲ್ಲ ಮಕ್ಕಳೂ ಹೀಗೆಯೇ, ಸ್ವಲ್ಪ ಶ್ರದ್ಧೆಯಿಂದ ಓದಬೇಕು" ಎಂಬ ಉತ್ತರ ಬಂದರೆ ಆ ಕಾಲೇಜಿನ ಕಟ್ಟಡ ಎಷ್ಟೇ ದೊಡ್ಡದಿರಲಿ, ಮುಂದಿನದನ್ನು ನೋಡಿ.

ವಿಷಯದ ಆಯ್ಕೆಯಲ್ಲಿ ಮಾಧ್ಯಮವನ್ನು ಮರೆಯಬೇಡಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಡಿಸ್ಲೆಕ್ಸಿಯಾದ ವಿದ್ಯಾರ್ಥಿಗೆ ಪದವಿಯಲ್ಲಿ ಒಮ್ಮೆಲೇ ಇಂಗ್ಲಿಷ್ ಪಠ್ಯ ಎದುರಾದರೆ ಹೊರೆ ಇಮ್ಮಡಿಯಾಗುತ್ತದೆ. ನೀವು ವಿಚಾರಿಸುವ ಕಾಲೇಜಿನಲ್ಲಿ ಬಿ.ಕಾಂ. ಪಾಠ ಯಾವ ಭಾಷೆಯಲ್ಲಿ ನಡೆಯುತ್ತದೆ, ಉತ್ತರವನ್ನು ಕನ್ನಡದಲ್ಲಿ ಬರೆಯಬಹುದೇ ಎಂಬುದನ್ನು ಅಲ್ಲಿ ಓದುತ್ತಿರುವ ಹಿರಿಯ ವಿದ್ಯಾರ್ಥಿಗಳಿಂದಲೇ ಕೇಳಿ ತಿಳಿದುಕೊಳ್ಳಿ.

ಆಟಿಸಂ ಇರುವ ಮಕ್ಕಳ ಪೋಷಕರಿಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ತರಗತಿ ಆರಂಭವಾಗುವ ಮೊದಲೇ, ಜನ ಕಡಿಮೆಯಿರುವ ದಿನ ಮಗುವನ್ನು ಕಾಲೇಜಿಗೆ ಕರೆದೊಯ್ದು ಕೊಠಡಿ, ಗ್ರಂಥಾಲಯ, ಶೌಚಾಲಯ, ನೀರಿನ ಜಾಗ, ಗದ್ದಲವಾದಾಗ ಹೋಗಿ ಕುಳಿತುಕೊಳ್ಳಬಹುದಾದ ಒಂದು ಮೂಲೆ, ಎಲ್ಲವನ್ನೂ ತೋರಿಸಿ. ವೇಳಾಪಟ್ಟಿ ಬದಲಾದರೆ ಯಾರು, ಹೇಗೆ ತಿಳಿಸುತ್ತಾರೆ ಎಂಬುದನ್ನು ಅಧ್ಯಾಪಕರೊಂದಿಗೆ ಗೊತ್ತುಮಾಡಿಕೊಳ್ಳಿ. ನಲವತ್ತು ಡಿಗ್ರಿ ದಾಟುವ ರಾಯಚೂರಿನ ಬಿಸಿಲಿನಲ್ಲಿ ಪರೀಕ್ಷೆ ಬಂದಾಗ ಬಿಸಿ, ಬೆವರು, ಫ್ಯಾನಿನ ಸದ್ದು ಇವುಗಳನ್ನು ಸಹಿಸುವುದೇ ಈ ಮಕ್ಕಳಿಗೆ ಅರ್ಧ ಪರೀಕ್ಷೆಯಾಗುತ್ತದೆ. ಆದ್ದರಿಂದ ಪ್ರತ್ಯೇಕ ಕೊಠಡಿಯ ಕೋರಿಕೆಯನ್ನೂ ಹೆಚ್ಚುವರಿ ಸಮಯದ ಅರ್ಜಿಯಲ್ಲೇ ಸೇರಿಸಿ.

ಕಾಲೇಜು ಅರ್ಜಿಯನ್ನು ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ವಿಶ್ವವಿದ್ಯಾಲಯಕ್ಕೆ ನೇರವಾಗಿ ಕಳುಹಿಸಿ. ಅಲ್ಲಿಯೂ ಉತ್ತರ ಬರದಿದ್ದರೆ ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ಅಧಿನಿಯಮದ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಈ ಓಡಾಟದ ನಡುವೆ ಮಗನಿಗಾಗಲಿ ನಿಮಗಾಗಲಿ ಮನಸ್ಸು ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಈ ವಾರ ಯುಡಿಐಡಿ ಅರ್ಜಿಯನ್ನು ಹಾಕಿಬಿಡಿ, ಕಾಲೇಜುಗಳನ್ನು ನೋಡಲು ಪಿಯುಸಿ ಪರೀಕ್ಷೆ ಮುಗಿದ ಮೇಲೆ ಮಗನೊಂದಿಗೆ ಹೋಗಿ.