ಗೇಟಿನ ಪಕ್ಕ ನಿಂತು ಬರೆದುಕೊಂಡವರು

ಬೆತ್ಲೆಹೇಂ ಪಟ್ಟಣದ ಉತ್ತರ ತುದಿಯಲ್ಲಿ, ಜೆರುಸಲೇಂಗೆ ಹೋಗುವ ದಾರಿಯಲ್ಲಿ ಒಂದು ಚೆಕ್‌ಪೋಸ್ಟ್ ಇದೆ. ಜನ ಅದನ್ನು ನಂಬರ್ ಹಿಡಿದೇ ಕರೆಯುತ್ತಾರೆ: ಚೆಕ್‌ಪೋಸ್ಟ್ 300. 2023ರ ಅಕ್ಟೋಬರ್‌ವರೆಗೂ ಅಲ್ಲಿ ಬೆಳಗಿನ ಜಾವ ಮೂರಕ್ಕೇ ಜನ ಸೇರುತ್ತಿದ್ದರು. ಹೆಚ್ಚಿನವರು ಇಸ್ರೇಲಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗುವ ಪ್ಯಾಲೆಸ್ಟೀನಿ ಗಂಡಸರು. ಇಸ್ರೇಲಿನಲ್ಲಿ ವಾರ ಶುರುವಾಗುವುದು ಭಾನುವಾರ. ಹಾಗಾಗಿ ಅವತ್ತು ನೂಕುನುಗ್ಗಲು ಜಾಸ್ತಿ. ಒಂದು ಕಡೆ ಕಾಂಕ್ರೀಟ್ ಗೋಡೆ, ಇನ್ನೊಂದು ಕಡೆ ಕಬ್ಬಿಣದ ಸರಳು, ತಲೆ ಮೇಲೆ ತಗಡು. ನಡುವಿನ ಇಕ್ಕಟ್ಟಿನಲ್ಲಿ ಒಬ್ಬನ ಎದೆಗೆ ಇನ್ನೊಬ್ಬನ ಬೆನ್ನು. ಹೊರಗೆ ಕಾಫಿ ಮತ್ತು ಎಳ್ಳು ಹಚ್ಚಿದ ಬ್ರೆಡ್ಡು ಮಾರುವ ಗಾಡಿಗಳು. ನಿಂತು ನಿಂತು ತಾಳ್ಮೆ ಕೆಟ್ಟ ಹುಡುಗರು ಸರಳು ಹತ್ತಿ, ಸಾಲಿನವರ ತಲೆ ಮೇಲಿಂದಲೇ ಮುಂದೆ ಇಳಿಯುತ್ತಿದ್ದರು.

ಅದೇ ಓಣಿಯ ಪಕ್ಕದಲ್ಲಿ ಜಾಕೆಟ್ ತೊಟ್ಟ ಇಬ್ಬರು ಮೂವರು ಹೊರದೇಶದ ಸ್ವಯಂಸೇವಕರು ನಿಂತಿರುತ್ತಿದ್ದರು. ಕೈಯಲ್ಲಿ ಎಣಿಕೆಯ ಪುಟ್ಟ ಯಂತ್ರ. ಒಬ್ಬ ದಾಟಿದರೆ ಒಂದು ಸಲ ಒತ್ತುವುದು. ಆಗಾಗ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಇಷ್ಟು ಹೊತ್ತಿಗೆ ಎಷ್ಟು ಜನ ದಾಟಿದರು, ಎಷ್ಟು ಕಿಟಕಿ ತೆರೆದಿದ್ದವು, ಹೆಂಗಸರಿಗೆ, ಮುದುಕರಿಗೆ, ಕಾಯಿಲೆಯವರಿಗೆ ಅಂತ ಇಟ್ಟ ಪಕ್ಕದ ಗೇಟು ತೆರೆಯಿತೋ ಇಲ್ಲವೋ. ಗೇಟು ತೆಗೆಸುವ ಅಧಿಕಾರ ಅವರಿಗಿರಲಿಲ್ಲ. ಸೈನ್ಯದ ಆಫೀಸಿಗೆ ಫೋನ್ ಮಾಡಬಹುದಿತ್ತು, ಅಷ್ಟೇ.

ಹಾಗಾದರೆ ಆ ಚಳಿಯಲ್ಲಿ ಬಂದು ಸುಮ್ನೆ ನಿಲ್ಲುವುದು ಯಾತಕ್ಕೆ? ಮೊದಲು ಆ ಗೇಟು ಅಲ್ಲಿಗೆ ಹೇಗೆ ಬಂತು ಅನ್ನುವುದನ್ನು ನೋಡಬೇಕು.

1967ರ ಜೂನ್ ಯುದ್ಧದಲ್ಲಿ ಇಸ್ರೇಲ್ ಪಶ್ಚಿಮ ದಂಡೆ (ಬೆತ್ಲೆಹೇಂ ಇರುವ ಪ್ಯಾಲೆಸ್ಟೀನಿ ಪ್ರದೇಶ), ಪೂರ್ವ ಜೆರುಸಲೇಂ ಮತ್ತು ಗಾಜಾವನ್ನು ಹಿಡಿದುಕೊಂಡಿತು. ಆಮೇಲಿನ ವರ್ಷಗಳಲ್ಲಿ ಜನರ ಓಡಾಟ ಇವತ್ತಿನಷ್ಟು ಬಿಗಿಯಾಗಿರಲಿಲ್ಲ ಅಂದರೆ ಈಗ ನಂಬುವುದು ಕಷ್ಟ. 1972ರಲ್ಲಿ ಸೈನ್ಯ ಎಲ್ಲರಿಗೂ ಅನ್ವಯಿಸುವ ಒಂದು ಸಾಮಾನ್ಯ ಪರವಾನಗಿ ಹೊರಡಿಸಿತು. ರಾತ್ರಿ ಅಲ್ಲಿ ತಂಗುವಂತಿರಲಿಲ್ಲ. ಹಗಲು ಹೊತ್ತು ಇಸ್ರೇಲಿಗೆ ಹೋಗಿ ಕೆಲಸ ಮಾಡಿ ಬರಲು ಯಾರೂ ಬೇರೆ ಚೀಟಿ ತೋರಿಸಬೇಕಿರಲಿಲ್ಲ. ಹೋಗುವುದು ರೂಢಿ, ತಡೆಯುವುದು ಅಪರೂಪ.

1987ರ ಕೊನೆಯಲ್ಲಿ ಮೊದಲ ಇಂತಿಫಾದಾ, ಅಂದರೆ ಜನರ ದಂಗೆ, ಎದ್ದಿತು. 1991ರ ಜನವರಿಯಲ್ಲಿ, ಕೊಲ್ಲಿ ಯುದ್ಧದ ಹೊತ್ತಿಗೆ, ಆ ಸಾಮಾನ್ಯ ಪರವಾನಗಿ ರದ್ದಾಯಿತು. ಅಲ್ಲಿಂದ ಮುಂದೆ ಪ್ರತಿಯೊಬ್ಬರಿಗೂ ಅವರ ಹೆಸರಿನಲ್ಲೇ ಪರ್ಮಿಟ್ ಬೇಕಾಯಿತು. ಅರಬ್ಬಿಯಲ್ಲಿ ಜನ ಅದನ್ನು ತಸ್ರೀಹ್ ಅನ್ನುತ್ತಾರೆ. ಮನೆಮನೆಯ ಮಾತಿನಲ್ಲಿ ಅಕ್ಕಿ ಬೇಳೆಯಷ್ಟೇ ಸಲೀಸಾಗಿ ಓಡಾಡುವ ಪದ ಅದು. 1993ರ ಮಾರ್ಚಿನಲ್ಲಿ, ಇಸ್ರೇಲಿಗಳ ಮೇಲೆ ಸಾಲಾಗಿ ನಡೆದ ದಾಳಿಗಳ ನಂತರ, ಪೂರ್ತಿ ಬಂದ್ ಜಾರಿಯಾಯಿತು. ಜೆರುಸಲೇಂ ಸುತ್ತ ಚೆಕ್‌ಪೋಸ್ಟ್‌ಗಳು ಎದ್ದವು. ಇಸ್ರೇಲ್ ಮತ್ತು ಪ್ಯಾಲೆಸ್ಟೀನಿ ನಾಯಕರ ನಡುವಿನ ಓಸ್ಲೋ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದು ಅದೇ ವರ್ಷ ಸೆಪ್ಟೆಂಬರಿನಲ್ಲಿ. ಶಾಂತಿಯ ಮಾತು ನಡೆಯುತ್ತಿದ್ದ ವರ್ಷಗಳಲ್ಲೇ ಓಡಾಟ ಕಿರಿದಾಗುತ್ತಾ ಹೋಯಿತು. ನನಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ನೋವಿನದಾಗಿ ಕಾಣುವುದು ಇದೇ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು. ಚೆಕ್‌ಪೋಸ್ಟ್ ಅಂದ ಕೂಡಲೇ ನಾವು ಎರಡು ದೇಶಗಳ ಗಡಿಯನ್ನು ನೆನೆಯುತ್ತೇವೆ. ಅತ್ತಿಬೆಲೆಯ ಹಾಗೆ ಎರಡು ರಾಜ್ಯಗಳ ನಡುವೆ ಇರಬಹುದು ಅಂದುಕೊಳ್ಳುತ್ತೇವೆ. ಇಲ್ಲಿ ಹಾಗಿಲ್ಲ. ಬಹಳಷ್ಟು ಚೆಕ್‌ಪೋಸ್ಟ್‌ಗಳು ಪಶ್ಚಿಮ ದಂಡೆಯ ಒಳಗೇ ಇವೆ. ಒಂದು ಪ್ಯಾಲೆಸ್ಟೀನಿ ಊರಿಗೂ ಪಕ್ಕದ ಪ್ಯಾಲೆಸ್ಟೀನಿ ಊರಿಗೂ ನಡುವೆ. ಹಳ್ಳಿಗೂ ಕಾಲೇಜಿಗೂ ನಡುವೆ. ರೈತನಿಗೂ ಅವನ ಆಲಿವ್ ತೋಟಕ್ಕೂ ನಡುವೆ.

2000ದ ಸೆಪ್ಟೆಂಬರಿನಲ್ಲಿ ಎರಡನೇ ಇಂತಿಫಾದಾ ಶುರುವಾದ ಮೇಲೆ ಎಲ್ಲವೂ ಬಿಗಿಯಾಯಿತು. ಇಸ್ರೇಲಿನ ಬಸ್ಸುಗಳಲ್ಲಿ, ಹೋಟೆಲುಗಳಲ್ಲಿ ಆತ್ಮಾಹುತಿ ಬಾಂಬುಗಳು ಸಿಡಿದವು. ನೂರಾರು ಸಾಮಾನ್ಯ ಜನ ಸತ್ತರು. ಸೈನ್ಯದ ವಾದವೂ ಅದೇ: ಬಾಂಬ್ ತಡೆಯಲು ಚೆಕ್‌ಪೋಸ್ಟ್ ಬೇಕು. ಆ ಭಯ ಸುಳ್ಳಲ್ಲ. 2004ರ ಮಾರ್ಚಿನಲ್ಲಿ ನಾಬ್ಲುಸ್ ಪಟ್ಟಣದ ದಕ್ಷಿಣಕ್ಕಿರುವ ಹುವಾರಾ ಚೆಕ್‌ಪೋಸ್ಟಿನಲ್ಲಿ ಮೈಗೆ ಸ್ಫೋಟಕ ಕಟ್ಟಿಕೊಂಡು ಬಂದ ಹದಿನಾರರ ಹುಡುಗನೊಬ್ಬ ಸಿಕ್ಕಿಬಿದ್ದ. ಅದೇ ಕಾಲದ ಇನ್ನೊಂದು ಲೆಕ್ಕವೂ ಇದೆ. ಆ ವರ್ಷಗಳಲ್ಲಿ ಅರವತ್ತಕ್ಕೂ ಹೆಚ್ಚು ಪ್ಯಾಲೆಸ್ಟೀನಿ ಹೆಂಗಸರು ಆಸ್ಪತ್ರೆ ತಲುಪಲಾಗದೆ ಚೆಕ್‌ಪೋಸ್ಟಿನಲ್ಲೇ ಹೆತ್ತರು, ಮೂವತ್ತಕ್ಕೂ ಹೆಚ್ಚು ಕೂಸುಗಳು ಉಳಿಯಲಿಲ್ಲ ಎಂದು ಪ್ಯಾಲೆಸ್ಟೀನಿ ಆರೋಗ್ಯ ಇಲಾಖೆಯ ಅಂಕಿಗಳನ್ನು ವಿಶ್ವಸಂಸ್ಥೆಯ ವರದಿಗಳು ದಾಖಲಿಸಿವೆ.

2001ರ ಆರಂಭದಲ್ಲಿ ಮೂವರು ಇಸ್ರೇಲಿ ಹೆಂಗಸರು ಒಂದು ತೀರ್ಮಾನ ಮಾಡಿದರು. ರೋನಿ ಯೇಗರ್, ಯೆಹುದಿತ್ ಕೆಶೆತ್, ಆದಿ ಕುಂಟ್ಸ್‌ಮನ್. ಯೇಗರ್ ಅವರು ಅದಕ್ಕೂ ಮುಂಚೆ ಗ್ವಾಟೆಮಾಲಾ ಮತ್ತು ಮೆಕ್ಸಿಕೋದಲ್ಲಿ ಮಾನವ ಹಕ್ಕುಗಳ ಕೆಲಸ ಮಾಡಿದ್ದವರು. ಚೆಕ್‌ಪೋಸ್ಟಿನಲ್ಲಿ ಜನರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅನ್ನುವ ಸುದ್ದಿ ಕಿವಿಗೆ ಬೀಳುತ್ತಿತ್ತು. ನಮ್ಮ ಹೆಸರಿನಲ್ಲಿ, ನಮ್ಮ ಮಕ್ಕಳ ಕೈಯಿಂದ ಆಗುತ್ತಿರುವುದನ್ನು ನಾವೇ ಹೋಗಿ ನೋಡೋಣ ಅಂತ ಹೊರಟರು. ಗುಂಪಿಗೆ ಬಿದ್ದ ಹೆಸರು ಮಹಸೋಮ್ ವಾಚ್. ಮಹಸೋಮ್ ಅಂದರೆ ಹೀಬ್ರೂವಿನಲ್ಲಿ ತಡೆ. ಪ್ರಾಣಿಯ ಬಾಯಿಗೆ ಕಟ್ಟುವ ಕುಕ್ಕೆಗೂ ಅದೇ ಪದ. ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬೇಡ ಎಂದು ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಒಂದು ಮಾತಿದೆಯಲ್ಲ, ಅಲ್ಲಿ ಬರುವ ಕ್ರಿಯಾಪದವೂ ಇದೇ ಮೂಲದ್ದು. ಈಗ ಪ್ಯಾಲೆಸ್ಟೀನಿಯರೂ ಅರಬ್ಬಿ ಮಾತಾಡುವಾಗ ಈ ಹೀಬ್ರೂ ಪದವನ್ನೇ ಬಳಸುವುದುಂಟು.

ಗುಂಪಿಗೆ ಗಂಡಸರನ್ನು ಸೇರಿಸಲಿಲ್ಲ. ಇಸ್ರೇಲಿನಲ್ಲಿ ಹೆಚ್ಚಿನ ಯಹೂದಿ ಗಂಡಸರು ಸೈನ್ಯದಲ್ಲಿ ದುಡಿದವರೇ. ಚೆಕ್‌ಪೋಸ್ಟಿಗೆ ಬಂದರೆ ಸೈನಿಕರ ಜೊತೆ ಅವರ ಮಾತು ಬೇರೆ ಧಾಟಿ ಹಿಡಿಯುತ್ತದೆ. ಹತ್ತೊಂಬತ್ತು ಇಪ್ಪತ್ತು ವಯಸ್ಸಿನ ಸೈನಿಕನ ಎದುರು ಅವನ ಅಜ್ಜಿಯ ವಯಸ್ಸಿನವಳೊಬ್ಬಳು ನೋಟ್‌ಬುಕ್ ಹಿಡಿದು ನಿಂತರೆ ಅವನು ಬಂದೂಕು ತೋರಿಸಿ ಕಿರುಚುವುದು ಸ್ವಲ್ಪ ಕಷ್ಟ. ಗುಂಪಿನಲ್ಲಿ ಬಹಳ ಮಂದಿ ಐವತ್ತು ಅರವತ್ತು ದಾಟಿದವರು, ನಿವೃತ್ತ ಟೀಚರ್‌ಗಳು, ಅಜ್ಜಿಯರು. ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ. ಕೆಲವೇ ವರ್ಷಗಳಲ್ಲಿ ಸದಸ್ಯರ ಸಂಖ್ಯೆ ನೂರುಗಳಲ್ಲಿ ಬೆಳೆಯಿತು. ಪಾಳಿ ಮುಗಿಸಿ ಮನೆಗೆ ಹೋದ ಮೇಲೆ ವರದಿ ಬರೆದು ಎಲ್ಲರೂ ಓದುವಂತೆ ಪ್ರಕಟಿಸಬೇಕು. ಇದು ಅವರ ಕಟ್ಟುನಿಟ್ಟು.

ಪ್ರಕಟಿಸುವುದು ಯಾಕೆ ಮುಖ್ಯ ಅನ್ನುವುದು ಪಶ್ಚಿಮ ದಂಡೆಯ ಹೆಬ್ರಾನ್ ಪಟ್ಟಣವನ್ನು ನೋಡಿದರೆ ತಿಳಿಯುತ್ತದೆ. 1994ರ ಫೆಬ್ರವರಿಯಲ್ಲಿ ಅಲ್ಲಿನ ಮಸೀದಿಯಲ್ಲಿ ಪಶ್ಚಿಮ ದಂಡೆಗೆ ಬಂದು ನೆಲೆಸಿದ್ದ ಯಹೂದಿಯೊಬ್ಬ ಗುಂಡು ಹಾರಿಸಿ 29 ಮಂದಿಯನ್ನು ಕೊಂದ. ಅದರ ನಂತರ ನಾರ್ವೆ ಮೊದಲಾದ ದೇಶಗಳ ವೀಕ್ಷಕರ ತಂಡವೊಂದು ಅಲ್ಲಿಗೆ ಬಂತು. ಸರ್ಕಾರಗಳೇ ಒಪ್ಪಿ ಕರೆಸಿಕೊಂಡ ತಂಡ ಅದು. ಆದರೆ ಅದರ ವರದಿಗಳು ಸಂಬಂಧಪಟ್ಟ ಸರ್ಕಾರಗಳಿಗೆ ಮಾತ್ರ, ಸಾರ್ವಜನಿಕರಿಗಲ್ಲ. 2019ರ ಜನವರಿಯಲ್ಲಿ ಇಸ್ರೇಲ್ ಅವಧಿ ಮುಂದುವರಿಸದೆ ಅವರನ್ನು ಕಳಿಸಿಬಿಟ್ಟಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಂಡದ್ದರಲ್ಲಿ ಬಹುಪಾಲನ್ನು ನಾವು ನೀವು ಓದಲಾರೆವು.

ಬೆತ್ಲೆಹೇಂನ ಓಣಿಯಲ್ಲಿ ಎಣಿಸುತ್ತಿದ್ದವರು ಇನ್ನೊಂದು ಬಗೆಯವರು. ಜೆರುಸಲೇಂನ ಚರ್ಚುಗಳ ಕರೆಗೆ ಓಗೊಟ್ಟು ಜಾಗತಿಕ ಚರ್ಚುಗಳ ಮಂಡಳಿ 2002ರಲ್ಲಿ ಒಂದು ಕಾರ್ಯಕ್ರಮ ಶುರುಮಾಡಿತು. ಬೇರೆ ಬೇರೆ ದೇಶಗಳ ಸ್ವಯಂಸೇವಕರು ಬಂದು ಸುಮಾರು ಮೂರು ತಿಂಗಳು ಅಲ್ಲಿನ ಊರುಗಳಲ್ಲೇ ಇರುತ್ತಾರೆ. ಮಕ್ಕಳ ಜೊತೆ ಶಾಲೆವರೆಗೆ ನಡೆಯುತ್ತಾರೆ, ಚೆಕ್‌ಪೋಸ್ಟಿನಲ್ಲಿ ಲೆಕ್ಕ ಇಡುತ್ತಾರೆ, ಊರಿಗೆ ಮರಳಿ ಕಂಡದ್ದನ್ನು ಹೇಳುತ್ತಾರೆ.

2004ರ ನವೆಂಬರ್. ನಾಬ್ಲುಸ್‌ನ ಪಶ್ಚಿಮಕ್ಕೆ ಬೈತ್ ಇಬಾ ಚೆಕ್‌ಪೋಸ್ಟ್. ಒಬ್ಬ ಪ್ಯಾಲೆಸ್ಟೀನಿ ಯುವಕ ಪಿಟೀಲು ಹಿಡಿದು ಪಾಠಕ್ಕೆ ಹೊರಟಿದ್ದ. ಸೈನಿಕರ ಎದುರು ಪೆಟ್ಟಿಗೆ ತೆರೆದ, ಪಿಟೀಲು ತೆಗೆದು ನುಡಿಸಿದ. ಹಿಂದೆ ಜನರ ಸಾಲು ಕಾಯುತ್ತಿತ್ತು. ಮಹಸೋಮ್ ವಾಚ್‌ನ ಹೆಂಗಸೊಬ್ಬರು ಅದನ್ನು ವಿಡಿಯೋ ಮಾಡಿಕೊಂಡರು. ಆ ತುಣುಕು ಹೊರಬಂದ ಮೇಲೆ ಇಡೀ ಇಸ್ರೇಲ್ ತಲ್ಲಣಿಸಿತು. ನಾಜಿ ಶಿಬಿರಗಳಲ್ಲಿ ಯಹೂದಿ ವಾದಕರನ್ನು ಬಲವಂತದಿಂದ ನುಡಿಸಲು ಹಚ್ಚಿದ ನೆನಪು ಆ ಸಮಾಜದ ಎದೆಯಲ್ಲಿದೆ. ಸೈನಿಕರು ಸೂಕ್ಷ್ಮತೆ ಇಲ್ಲದೆ ನಡೆದುಕೊಂಡರು ಅಂತ ಸೈನ್ಯ ಮೊದಲು ಹೇಳಿತು. ಆಮೇಲೆ ಅವನೇ ತಾನಾಗಿ ನುಡಿಸಿದ ಅಂದಿತು. ಇಲ್ಲ, ನನಗೆ ನುಡಿಸು ಅಂದರು ಎಂಬುದು ಯುವಕನ ಮಾತು.

ಒಂದು ಪಿಟೀಲು ಅಷ್ಟು ಕಲಕಿದ್ದು ಒಳ್ಳೆಯದೇ. ಆದರೆ ಅದೇ ರಸ್ತೆಗಳಲ್ಲಿ ಉಳಿಯದೆ ಹೋದ ಕೂಸುಗಳ ಲೆಕ್ಕ ಅಷ್ಟು ಕಲಕಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಕಣ್ಣಿಗೆ ಕಂಡದ್ದು ಮಾತ್ರ ಎದೆಗೆ ಇಳಿಯುತ್ತದೆ ಅಲ್ವಾ? ಯಾರೋ ಒಬ್ಬರು ಅಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದರಿಂದ ಪಿಟೀಲು ಕಂಡಿತು.

ಅಷ್ಟರಲ್ಲಿ ಗೋಡೆಯೂ ಏಳುತ್ತಿತ್ತು. 2002ರಲ್ಲಿ ಕೆಲಸ ಶುರು. ಯೋಜನೆಯ ಉದ್ದ ಸುಮಾರು 710 ಕಿಲೋಮೀಟರ್, ಅದರಲ್ಲಿ ಶೇ. 85ರಷ್ಟು ಹಾದುಹೋಗುವುದು ಪಶ್ಚಿಮ ದಂಡೆಯ ಒಳಗೆ. 2004ರ ಜುಲೈನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ, ಆ ನೆಲದಲ್ಲಿ ಗೋಡೆ ಕಟ್ಟುವುದು ಕಾನೂನಿಗೆ ವಿರುದ್ಧ ಎಂಬ ಸಲಹಾ ಅಭಿಪ್ರಾಯ ಕೊಟ್ಟಿತು. ಕೆಲಸ ನಿಲ್ಲಲಿಲ್ಲ.

ಮಣ್ಣಿನ ದಿಬ್ಬ, ಕಾಂಕ್ರೀಟ್ ತುಂಡುಗಳಿದ್ದ ಜಾಗದಲ್ಲಿ ದೊಡ್ಡ ಕಟ್ಟಡಗಳು ಬಂದವು. ಬೆತ್ಲೆಹೇಂನಲ್ಲಿ 2005ರ ಕೊನೆಗೆ, ರಾಮಲ್ಲಾ ಮತ್ತು ಜೆರುಸಲೇಂ ನಡುವಿನ ಕಲಂದಿಯಾದಲ್ಲೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ. ಒಳಗೆ ಎದೆಮಟ್ಟವನ್ನೂ ಮೀರಿದ ಕಬ್ಬಿಣದ ತಿರುಗು ಗೇಟುಗಳು. ಇಸ್ರೇಲಿನ ಒಳಗೆ ಇಂಥ ಗೇಟಿನ ತೋಳು 75ರಿಂದ 90 ಸೆಂಟಿಮೀಟರ್ ಉದ್ದ ಇರುತ್ತದೆ. ಚೆಕ್‌ಪೋಸ್ಟಿನ ಗೇಟುಗಳಿಗೆ ಅದನ್ನು 55ಕ್ಕೆ ಇಳಿಸಿದ್ದರು. ಒಂದು ಅಳತೆಪಟ್ಟಿ ತಗೊಂಡು 55 ಸೆಂಟಿಮೀಟರ್ ಹಿಡಿದು ನೋಡಿ. ಅದರಲ್ಲಿ ಬಸುರಿ ದಾಟಬೇಕು. ಕೂಸು ಎತ್ತಿಕೊಂಡವಳು ದಾಟಬೇಕು. ಸಲಕರಣೆ ಚೀಲ ಹೊತ್ತ ಗಾರೆಯವನು ದಾಟಬೇಕು. ಮಧ್ಯದಲ್ಲಿ ಸೈನಿಕ ಗುಂಡಿ ಒತ್ತಿ ಗೇಟು ನಿಲ್ಲಿಸಿದರೆ, ಒಳಗಿದ್ದವರು ಸರಳುಗಳ ನಡುವೆ ಅಲ್ಲೇ ನಿಂತುಬಿಡಬೇಕು. ಅದನ್ನು ದಾಟಿದ ಮೇಲೆ ಬೆಲ್ಟ್ ಬಿಚ್ಚಿ, ಚೀಲ ಯಂತ್ರಕ್ಕೆ ಹಾಕಿ, ಕಿಟಕಿಯ ಗಾಜಿಗೆ ಪರ್ಮಿಟ್ ಹಿಡಿದು, ಬೆರಳಚ್ಚು ಕೊಟ್ಟು, ಮತ್ತೆ ಬೆಲ್ಟ್ ಕಟ್ಟಿಕೊಳ್ಳುತ್ತಲೇ ಬಸ್ಸಿಗೆ ಓಡುವುದು.

ಕಲಂದಿಯಾದ ಕಥೆ ಇನ್ನೂ ಗೋಜಲು. ಕಫ್ರ್ ಅಕಬ್ ಎಂಬ ಬಡಾವಣೆ ಜೆರುಸಲೇಂ ನಗರಸಭೆಗೇ ಸೇರಿದ್ದು, ಆದರೆ ಗೋಡೆಯ ಆಚೆ ಇದೆ. ಅಲ್ಲಿಯವರು ನಗರಸಭೆಗೆ ಕಂದಾಯ ಕಟ್ಟುತ್ತಾರೆ. ತಮ್ಮದೇ ನಗರದ ಶಾಲೆಗೆ, ಆಸ್ಪತ್ರೆಗೆ ಹೋಗಲು ಮಾತ್ರ ದಿನವೂ ಚೆಕ್‌ಪೋಸ್ಟ್ ದಾಟಬೇಕು.

ನಿಂತು ನೋಡುವವರಿಗೆ ಈ ಹೊಸ ಕಟ್ಟಡಗಳಿಂದ ಒಂದು ತೊಡಕಾಯಿತು. ಮೊದಲು ಸೈನಿಕ ಎದುರೇ ಇರುತ್ತಿದ್ದ. ಮಗು ಅಳುತ್ತಿದೆ, ಬಿಡಪ್ಪಾ ಅನ್ನಬಹುದಿತ್ತು. ಈಗ ಅವನು ಗಾಜಿನ ಹಿಂದೆ, ಮಾತು ಸ್ಪೀಕರಿನಲ್ಲಿ. 2019ರಲ್ಲಿ ಎರಡೂ ಕಡೆ ಮುಖ ಗುರುತಿಸುವ ಯಂತ್ರಗಳು ಬಂದವು. ಸಾಲು ಬೇಗ ಸಾಗತೊಡಗಿತು, ಅದು ನಿಜ. ಆದರೆ ಯಂತ್ರ ಯಾರಿಗೋ ಕೆಂಪು ದೀಪ ತೋರಿಸಿದರೆ ಯಾಕೆ ಅಂತ ಕೇಳಲು ಅಲ್ಲಿ ಮನುಷ್ಯನೇ ಇಲ್ಲ. ಬೆಳಿಗ್ಗೆ ಪರ್ಮಿಟ್ ಇದ್ದವನ ಹೆಸರು ಭದ್ರತಾ ಇಲಾಖೆಯ ತಡೆಪಟ್ಟಿಗೆ ಸೇರಿರುತ್ತದೆ, ಕಾರಣ ಹೇಳುವುದಿಲ್ಲ. ಮಹಸೋಮ್ ವಾಚ್‌ನ ಕೆಲವರು ಈ ಪಟ್ಟಿಯಿಂದ ಹೆಸರು ತೆಗೆಸಲು ಅರ್ಜಿ ಬರೆದುಕೊಡುವ ಕೆಲಸ ಹಿಡಿದರು. ಇನ್ನು ಕೆಲವರು ಸೈನಿಕ ಕೋರ್ಟುಗಳಲ್ಲಿ ಹೋಗಿ ಕೂತರು.

ಮಹಸೋಮ್ ವಾಚ್‌ನವರೊಳಗೆ ಒಂದು ಜಗಳ ಮೊದಲಿನಿಂದಲೂ ಇತ್ತು, ಅದು ಇವತ್ತಿಗೂ ಬಗೆಹರಿದಿಲ್ಲ. ನಾವು ಫೋನ್ ಮಾಡಿ ಪಕ್ಕದ ಗೇಟು ತೆಗೆಸಿದೆವು, ಒಬ್ಬ ರೋಗಿ ಆಸ್ಪತ್ರೆ ಸೇರಿದ. ಸಂತೋಷ. ಆದರೆ ಚೆಕ್‌ಪೋಸ್ಟ್ ಸಲೀಸಾಗಿ ನಡೆಯಲು ನಾವೇ ಕೈಜೋಡಿಸಿದ ಹಾಗಾಯಿತಲ್ಲ? ಸೈನ್ಯವೂ ಮಾನವೀಯ ಗೇಟು, ಮಾನವೀಯ ಅಧಿಕಾರಿ ಅಂತ ಅದೇ ಮಾತು ಆಡತೊಡಗಿದ ಮೇಲೆ ಈ ಪ್ರಶ್ನೆ ಇನ್ನಷ್ಟು ಚುಚ್ಚಿತು. ಸಂಸ್ಥಾಪಕಿ ಕೆಶೆತ್ ಅವರೇ ಇದನ್ನು ಗಟ್ಟಿಯಾಗಿ ಎತ್ತಿದವರು. ಹೊರಗಿನಿಂದ ಬೈಗುಳ ಬೇರೆ ರೀತಿಯದು: ದ್ರೋಹಿಗಳು, ಸೈನಿಕರ ಕೆಲಸಕ್ಕೆ ಅಡ್ಡಿ ಮಾಡುವವರು. ಫೋನ್ ಮಾಡಿದವರು ತಪ್ಪು ಮಾಡಿದರು ಅಂತ ನನಗೆ ಅನ್ನಿಸುವುದಿಲ್ಲ. ಕಣ್ಣೆದುರು ಏದುಸಿರು ಬಿಡುವವನಿಗೆ ತತ್ವ ಹೇಳಿ ಕಳಿಸಲಾಗದು. ಆದರೆ ಆ ಪ್ರಶ್ನೆಯನ್ನು ಬಿಡದೆ ಕೇಳಿಕೊಂಡದ್ದರಿಂದಲೇ ಅವರ ವರದಿಗಳ ಮೇಲೆ ನನಗೆ ನಂಬಿಕೆ.

ನಮ್ಮ ಕರಾವಳಿಯ ಬಹಳ ಮಂದಿ ಇಸ್ರೇಲಿನಲ್ಲಿ ವಯಸ್ಸಾದವರ ಆರೈಕೆ ಮಾಡುತ್ತಿದ್ದಾರೆ. ಮಂಗಳೂರು, ಬೆಂಗಳೂರಿನಿಂದ ಯಾತ್ರೆ ಹೋದವರು ಬೆತ್ಲೆಹೇಂನ ಚರ್ಚು ನೋಡಿ ಬಂದಿರುತ್ತಾರೆ. ಯಾತ್ರಿಕರ ಬಸ್ಸು ಈ ಗೋಡೆಯನ್ನು ದಾಟಲು ಸಾಮಾನ್ಯವಾಗಿ ಹೆಚ್ಚು ಹೊತ್ತು ಬೇಕಾಗುವುದಿಲ್ಲ. 2023ರ ಅಕ್ಟೋಬರ್ 7ರ ಹಮಾಸ್ ದಾಳಿ ಮತ್ತು ಗಾಜಾ ಯುದ್ಧದ ನಂತರ ಪಶ್ಚಿಮ ದಂಡೆಯ ಲಕ್ಷಕ್ಕೂ ಹೆಚ್ಚು ಕೆಲಸಗಾರರ ಪರ್ಮಿಟ್ ನಿಂತುಹೋಯಿತು. ಅವರ ಜಾಗ ತುಂಬಲು 2024ರ ಜನವರಿಯಲ್ಲಿ ಹರಿಯಾಣ, ಉತ್ತರ ಪ್ರದೇಶಗಳಲ್ಲಿ ಗಾರೆ ಕೆಲಸದವರ ಆಯ್ಕೆ ನಡೆದದ್ದು ನಮ್ಮ ಪತ್ರಿಕೆಗಳಲ್ಲೂ ಬಂತು. ಬೆತ್ಲೆಹೇಂನ ಓಣಿ ಖಾಲಿಯಾಯಿತು. ಆ ವರ್ಷ ರಂಜಾನ್ ಶುಕ್ರವಾರಗಳಂದು ಜೆರುಸಲೇಂನಲ್ಲಿ ನಮಾಜಿಗೆ ಬಿಟ್ಟದ್ದು 55 ದಾಟಿದ ಗಂಡಸರನ್ನು, 50 ದಾಟಿದ ಹೆಂಗಸರನ್ನು, 10ರ ಒಳಗಿನ ಮಕ್ಕಳನ್ನು. ಅದಕ್ಕೂ ಪರ್ಮಿಟ್ ಬೇಕಿತ್ತು. ಪಶ್ಚಿಮ ದಂಡೆಯ ಒಳಗೆ ಮಾತ್ರ ತಡೆಗಳು ಹೆಚ್ಚಾದವು. ವಿಶ್ವಸಂಸ್ಥೆಯ ಎಣಿಕೆಯಲ್ಲಿ 2023ರ ಆರಂಭಕ್ಕೆ 645 ಇದ್ದದ್ದು 2025ರ ಆರಂಭಕ್ಕೆ 849. ಎಷ್ಟೋ ಹಳ್ಳಿಗಳ ಬಾಯಿಗೆ ಈಗ ಹಳದಿ ಕಬ್ಬಿಣದ ಗೇಟು. ಕಾಯಲು ಯಾರೂ ಇರುವುದಿಲ್ಲ, ಬೀಗ ಇರುತ್ತದೆ.

ಪಿಟೀಲು ನುಡಿದ ಬೈತ್ ಇಬಾ ಚೆಕ್‌ಪೋಸ್ಟನ್ನು 2009ರಲ್ಲಿ ತೆಗೆದರು. ಮಹಸೋಮ್ ವಾಚ್‌ನ ಕಡತದಲ್ಲಿ ಆ ಹೆಸರಿನ ಕೆಳಗೆ ವರದಿಗಳು ಹಾಗೇ ಇವೆ. ತಾರೀಖು, ಬೆಳಗಿನ ಪಾಳಿಯೋ ಮಧ್ಯಾಹ್ನದ್ದೋ, ಯಾರನ್ನು ಬಿಟ್ಟರು, ಯಾರನ್ನು ವಾಪಸ್ ಕಳಿಸಿದರು.