ರಸೀದಿ ಹರಿದ ಮೇಲಿನ ಕೆಲಸ: ಕ್ಯಾಥೊಲಿಕ್ ಶಾಲೆಗಳ ದೇಣಿಗೆ ಕುರಿತು ಅಧ್ಯಯನ ಟಿಪ್ಪಣಿ

ಬೈಬಲಿನಲ್ಲಿ ಕೊರಿಂಥದವರಿಗೆ ಸಂತ ಪೌಲ ಬರೆದ ಎರಡನೆಯ ಪತ್ರದ ಎಂಟು ಮತ್ತು ಒಂಬತ್ತನೆಯ ಅಧ್ಯಾಯಗಳನ್ನು ಒಮ್ಮೆ ನಿಧಿ ಸಂಗ್ರಹದ ಪಾಠವೆಂದು ಓದಿ ನೋಡಿ. ಸಂತೋಷದಿಂದ ಕೊಡುವವನನ್ನು ದೇವರು ಪ್ರೀತಿಸುತ್ತಾರೆ ಎಂಬ ಮಾತು ಒಂಬತ್ತನೆಯ ಅಧ್ಯಾಯದ್ದು. ಕಾಣಿಕೆಯ ವಿಷಯ ಬಂದಾಗಲೆಲ್ಲ ನಮ್ಮ ಕಿವಿಗೆ ಬೀಳುವುದು ಅದೇ. ನನ್ನ ಕಣ್ಣು ನಿಂತದ್ದು ಅದಕ್ಕೂ ಹಿಂದೆ, ಎಂಟನೆಯ ಅಧ್ಯಾಯದ 20 ಮತ್ತು 21ನೆಯ ವಚನಗಳಲ್ಲಿ. ಜೆರುಸಲೇಮಿನ ಬಡವರಿಗಾಗಿ ಕೂಡಿಸಿದ ಹಣದ ಹೊಣೆಯನ್ನು ಪೌಲ ಒಬ್ಬನೇ ಹೊರುವುದಿಲ್ಲ. ತನ್ನ ಸಹಾಯಕ ತೀತನ ಜೊತೆಗೆ ಸಭೆಗಳೇ ಆರಿಸಿದ ಇನ್ನೊಬ್ಬ ಸಹೋದರನನ್ನೂ ಕಳಿಸುತ್ತಾನೆ. ಇಷ್ಟು ದೊಡ್ಡ ಕೊಡುಗೆಯ ವಿಷಯದಲ್ಲಿ ಯಾರೂ ತಮ್ಮ ಮೇಲೆ ತಪ್ಪು ಹೊರಿಸುವಂತಾಗಬಾರದು, ದೇವರ ಮುಂದೆ ಮಾತ್ರವಲ್ಲದೆ ಮನುಷ್ಯರ ಮುಂದೆಯೂ ವ್ಯವಹಾರ ಸರಿಯಾಗಿರಬೇಕು ಎಂಬುದು ಅವನು ಕೊಡುವ ಕಾರಣ.

ನಿಧಿ ಸಂಗ್ರಹದ ಬಗ್ಗೆ ನಮ್ಮ ಓದಿನ ಹೆಚ್ಚಿನ ಭಾಗ ಹೇಗೆ ಕೇಳಬೇಕು ಎಂಬುದರ ಸುತ್ತಲೇ ತಿರುಗುತ್ತದೆ: ಮನವಿಪತ್ರದ ಭಾಷೆ, ಕಾರ್ಯಕ್ರಮದ ದಿನಾಂಕ, ಅತಿಥಿಗಳ ಪಟ್ಟಿ. ನನ್ನ ಅಭಿಪ್ರಾಯ ಬೇರೆ. ದಾನಿಯ ಜೊತೆಗಿನ ಸಂಬಂಧ ಬೆಳೆಯುವುದೂ ಮುರಿಯುವುದೂ ಹಣ ಕೈಸೇರಿದ ಮೇಲೆ. ಈ ಟಿಪ್ಪಣಿ ಆ ಭಾಗದ ಕುರಿತದ್ದು.

ಒಂದು ಗೋಡೆಯ ಕಥೆ

ಕರಾವಳಿಯ ಒಂದು ಪ್ರೌಢಶಾಲೆಯ ಹಳೆ ವಿದ್ಯಾರ್ಥಿ ಸಂಘದಲ್ಲಿ ನಾನು ಎರಡು ವರ್ಷ ರಸೀದಿ ಪುಸ್ತಕ ನೋಡಿಕೊಂಡಿದ್ದೆ. ಗ್ರಂಥಾಲಯಕ್ಕೆಂದು ಒಬ್ಬರು ಹಿರಿಯ ಹಳೆ ವಿದ್ಯಾರ್ಥಿ ಹಣ ಕಳಿಸಿದರು. ಅದೇ ಮಳೆಗಾಲದಲ್ಲಿ ಶಾಲೆಯ ಆವರಣ ಗೋಡೆ ಕುಸಿಯಿತು. ತುರ್ತು ನಿಜವಾದದ್ದೇ, ಮಕ್ಕಳ ಸುರಕ್ಷತೆಯ ಪ್ರಶ್ನೆ. ಇದ್ದ ಹಣ ಗೋಡೆಗೆ ಹೋಯಿತು. ಯಾರೂ ಒಂದು ಪೈಸೆಯನ್ನೂ ಸ್ವಂತಕ್ಕೆ ಮುಟ್ಟಲಿಲ್ಲ. ಮರುವರ್ಷ ಊರಿಗೆ ಬಂದ ಅವರು ಗ್ರಂಥಾಲಯದ ಕೋಣೆಗೆ ಹೋಗಿ ನಿಂತರು. ಹಳೆಯ ಕಪಾಟು, ಹಳೆಯ ಪುಸ್ತಕಗಳು. ಅವರು ಜಗಳವಾಡಲಿಲ್ಲ. "ಒಂದು ಮಾತು ಕೇಳಿದ್ದರೆ ನಾನೇ ಗೋಡೆ ಕಟ್ಟಿ ಎನ್ನುತ್ತಿದ್ದೆ" ಎಂದಷ್ಟೇ ಹೇಳಿದರು. ರಸೀದಿಯ ಮೇಲೆ 'ಗ್ರಂಥಾಲಯಕ್ಕೆ' ಎಂದು ಬರೆದದ್ದು ನನ್ನ ಕೈ. ಆ ದಿನದ ನಾಚಿಕೆ ಇನ್ನೂ ಹಸಿಯಾಗಿದೆ.

ಇದನ್ನು ಬರೀ ಸೌಜನ್ಯದ ಕೊರತೆ ಎಂದುಕೊಂಡಿದ್ದೆ. ಧರ್ಮಸಭೆಯ, ಅಂದರೆ ಕ್ಯಾಥೊಲಿಕ್ ಚರ್ಚಿನ, ಕಾನೂನು ಓದಿದ ಮೇಲೆ ಅದು ನಿಯಮದ ಉಲ್ಲಂಘನೆ ಎಂದು ತಿಳಿಯಿತು.

ಧರ್ಮಸಭೆಯ ಕಾನೂನು ಏನು ಹೇಳುತ್ತದೆ

1983ರ ಕ್ಯಾನನ್ ಕಾನೂನು ಸಂಹಿತೆಯ ಐದನೆಯ ಭಾಗ ಪೂರ್ತಿಯಾಗಿ ಧರ್ಮಸಭೆಯ ಆಸ್ತಿಪಾಸ್ತಿಯ ಕುರಿತದ್ದು. ನಮಗೆ ಬೇಕಾದ ಕ್ಯಾನನ್‌ಗಳು, ಅಂದರೆ ಸಂಖ್ಯೆ ಹಾಕಿದ ವಿಧಿಗಳು, ಕೆಲವೇ. 1267ನೆಯ ಕ್ಯಾನನ್‌ನ ಮೂರನೆಯ ಉಪವಿಧಿ: ಭಕ್ತರು ಒಂದು ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೆ ಮಾತ್ರ ಬಳಸಬಹುದು. ಅದೇ ಕ್ಯಾನನ್‌ನ ಮೊದಲ ಉಪವಿಧಿ: ಮುಖ್ಯಸ್ಥರ ಕೈಗೆ ಕೊಟ್ಟದ್ದು, ಬೇರೆ ರೀತಿ ಎಂದು ಸ್ಪಷ್ಟವಾಗದ ಹೊರತು, ಸಂಸ್ಥೆಗೆ ಕೊಟ್ಟದ್ದೆಂದೇ ಭಾವಿಸಬೇಕು. ಫಾದರ್ ಅಥವಾ ಸಿಸ್ಟರ್ ಕೈಗೆ ಪ್ರೀತಿಯಿಂದ ಇಟ್ಟ ಲಕೋಟೆಯೂ ಸಂಸ್ಥೆಯ ಲೆಕ್ಕಕ್ಕೆ ಬರಬೇಕು ಎಂದರ್ಥ. 1287ರ ಎರಡನೆಯ ಉಪವಿಧಿಯ ಪ್ರಕಾರ ಭಕ್ತರು ಅರ್ಪಿಸಿದ್ದರ ಲೆಕ್ಕವನ್ನು ಆಡಳಿತಗಾರರು ಭಕ್ತರಿಗೇ ಒಪ್ಪಿಸಬೇಕು. 1265 ಇನ್ನೊಂದು ಬಾಗಿಲು ಕಾಯುತ್ತದೆ: ಧಾರ್ಮಿಕ ಅಥವಾ ಧರ್ಮಸಭೆಯ ಉದ್ದೇಶದ ಹೆಸರಿನಲ್ಲಿ ಖಾಸಗಿ ವ್ಯಕ್ತಿಗಳು ಹಣ ಎತ್ತಬೇಕಾದರೆ ತಮ್ಮ ಧರ್ಮಾಧಿಕಾರಿಯ (ಬಿಷಪ್ ಅಥವಾ ಅಂಥ ಮೇಲಧಿಕಾರಿಯ) ಮತ್ತು ಸ್ಥಳೀಯ ಧರ್ಮಾಧಿಕಾರಿಯ ಲಿಖಿತ ಅನುಮತಿ ಬೇಕು.

1267 ಇಷ್ಟು ಬಿಗಿಯಾಗಿರುವುದರಿಂದಲೇ ಮನವಿಯ ವಾಕ್ಯ ಮುಖ್ಯವಾಗುತ್ತದೆ. 'ಶಾಲೆಯ ಅಭಿವೃದ್ಧಿಗಾಗಿ' ಎಂದು ಬರೆದರೆ ಕೈ ಸಡಿಲವಾಗಿರುತ್ತದೆ, ಆದರೆ ದಾನಿಯ ಮನಸ್ಸಿನಲ್ಲಿ ಚಿತ್ರವೇ ಮೂಡುವುದಿಲ್ಲ. 'ಗ್ರಂಥಾಲಯಕ್ಕೆ' ಎಂದರೆ ಚಿತ್ರ ಮೂಡುತ್ತದೆ, ಕೈ ಕಟ್ಟಿಹೋಗುತ್ತದೆ. ನಾನು ಕಂಡುಕೊಂಡ ದಾರಿ, ಉದ್ದೇಶವನ್ನು ಸ್ಪಷ್ಟವಾಗಿ ಬರೆದು ಅದರ ಕೆಳಗೆ ಇನ್ನೊಂದು ಸಾಲು ಸೇರಿಸುವುದು: ಹಣ ಉಳಿದರೆ ಅಥವಾ ತುರ್ತು ಬಂದರೆ ಯಾವುದಕ್ಕೆ, ಯಾರ ಒಪ್ಪಿಗೆಯಿಂದ ಬಳಸುತ್ತೇವೆ ಎಂದು. ಆ ಎರಡನೆಯ ಸಾಲು ಇದ್ದಿದ್ದರೆ ನಮ್ಮ ಗೋಡೆಯ ಕಥೆಯೇ ಇರುತ್ತಿರಲಿಲ್ಲ.

ಎಡಗೈಗೆ ತಿಳಿಯದ ದಾನ ಮತ್ತು ತೆರಿಗೆ

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುತ್ತದೆ ಮತ್ತಾಯನ ಶುಭಸಂದೇಶ. ಆದಾಯ ತೆರಿಗೆ ಕಾಯಿದೆಗೆ ದಾನಿಯ ಹೆಸರು, ವಿಳಾಸ ಎರಡೂ ಬೇಕು. 1961ರ ಕಾಯಿದೆಯ 115ಬಿಬಿಸಿ ಕಲಂ ಹೆಸರು ವಿಳಾಸವಿಲ್ಲದ ದೇಣಿಗೆಗೆ ಶೇ 30ರ ತೆರಿಗೆ ಹಾಕುತ್ತದೆ. ಒಟ್ಟು ದೇಣಿಗೆಯ ಶೇ 5 ಅಥವಾ 1 ಲಕ್ಷ ರೂಪಾಯಿ, ಇವುಗಳಲ್ಲಿ ಹೆಚ್ಚಿನದರವರೆಗೆ ವಿನಾಯಿತಿ ಇದೆ. ಪೂರ್ಣವಾಗಿ ಧಾರ್ಮಿಕವಾದ ಟ್ರಸ್ಟಿಗೆ ಈ ಕಲಂ ಅನ್ವಯಿಸುವುದಿಲ್ಲ. ಧಾರ್ಮಿಕ ಕೆಲಸ, ಧರ್ಮಾರ್ಥ ಕೆಲಸ ಎರಡನ್ನೂ ಮಾಡುವ ಟ್ರಸ್ಟಿಗೂ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಆದರೆ ಆ ಅನಾಮಧೇಯ ಹಣ ತಾನು ನಡೆಸುವ ಶಾಲೆಗೆ ಅಥವಾ ಆಸ್ಪತ್ರೆಗೆ ಎಂದು ಸೂಚಿಸಿ ಬಂದಿದ್ದರೆ ಅನ್ವಯಿಸುತ್ತದೆ. ಹಾಗಾಗಿ ಚರ್ಚಿನ ಕಾಣಿಕೆ ಡಬ್ಬಿಯ ಪಕ್ಕದಲ್ಲಿ 'ಶಾಲೆಗಾಗಿ' ಎಂಬ ಎರಡನೆಯ ಡಬ್ಬಿ ಇಡುವ ಮುನ್ನ ಲೆಕ್ಕ ಪರಿಶೋಧಕರನ್ನು ಕೇಳಿ. ಶುಭಸಂದೇಶಕ್ಕೂ ಕಾಯಿದೆಗೂ ಹೊಂದಿಕೆ ಸಾಧ್ಯ: ಹೆಸರು ದಾಖಲೆಯಲ್ಲಿ ಇರಲಿ, ಗೋಡೆಯ ಮೇಲೆ ಹಾಕುವುದನ್ನು ದಾನಿಯ ಇಚ್ಛೆಗೆ ಬಿಡಿ.

ದಾನಿಗೆ ತೆರಿಗೆ ಕಡಿತ ಕೊಡುವ 80ಜಿ ಕಲಂ ಬಗ್ಗೆ ಚುಟುಕಾಗಿ. ಒಂದೇ ಧರ್ಮದವರ ಪ್ರಯೋಜನಕ್ಕಿರುವ ಸಂಸ್ಥೆಗೆ ಆ ಸೌಲಭ್ಯ ಸಿಗುವುದಿಲ್ಲ. ಆದ್ದರಿಂದ ಎಲ್ಲ ಮಕ್ಕಳಿಗೂ ತೆರೆದ ಶಾಲೆ ನಡೆಸುವ ಸೊಸೈಟಿ ಅದನ್ನು ಪಡೆಯಬಹುದು, ಚರ್ಚಿಗೆ ಅದೇ ಹಾದಿ ಇಲ್ಲ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಕಡಿತ ಇಲ್ಲ. ಸಂಸ್ಥೆ ದೇಣಿಗೆಗಳ ವಿವರದ ನಮೂನೆ 10ಬಿಡಿ ಸಲ್ಲಿಸಿ ದಾನಿಗೆ 10ಬಿಇ ಪ್ರಮಾಣಪತ್ರ ಕೊಡಬೇಕು. ಹೊಸ ತೆರಿಗೆ ಪದ್ಧತಿಯಲ್ಲಿರುವ ಸಂಬಳದಾರರಿಗೆ 80ಜಿ ಕಡಿತವೇ ಇಲ್ಲ, ಅವರ ಮುಂದೆ ತೆರಿಗೆ ಉಳಿತಾಯದ ಮಾತಿಗೆ ಬೆಲೆಯಿಲ್ಲ. ಇಲ್ಲಿ ಹೇಳಿದ ಕಲಂ ಮತ್ತು ನಮೂನೆಗಳ ಸಂಖ್ಯೆ 1961ರ ಕಾಯಿದೆಯವು; 2026ರ ಏಪ್ರಿಲ್ 1ರಿಂದ ಜಾರಿಯ 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಂ ಸಂಖ್ಯೆಗಳು ಬದಲಾಗಿವೆ. ಸಂಖ್ಯೆಯ ಜೊತೆಗೆ ತತ್ವವನ್ನೂ ನೆನಪಿಡಿ.

ಒಂದು ಗೆರೆಯನ್ನು ಮಾತ್ರ ಎಂದೂ ದಾಟಬಾರದು. ಪ್ರವೇಶದ ಸಮಯದಲ್ಲಿ ಪೋಷಕರಿಂದ ಪಡೆದದ್ದು ದೇಣಿಗೆ ಎನಿಸಿಕೊಳ್ಳುವುದಿಲ್ಲ. ಕರ್ನಾಟಕದಲ್ಲಿ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆ 1984ರಿಂದಲೇ ಇದೆ. ಮಗುವಿನ ಸೀಟಿನ ಆತಂಕದಲ್ಲಿ ಕೊಟ್ಟವರು ಮುಂದೆ ಎಂದೂ ದಾನಿಗಳಾಗುವುದಿಲ್ಲ ಎಂಬುದು ಕಾನೂನಿಗಿಂತ ದೊಡ್ಡ ನಷ್ಟ.

ಕುವೈತ್‌ನಿಂದ ಬಂದ ಹಣ, ಕೆನಡಾದಿಂದ ಬಂದ ಹಣ

ಮಂಗಳೂರು, ಉಡುಪಿ ಕಡೆಯ ಕ್ಯಾಥೊಲಿಕ್ ಶಾಲೆಗಳ ಹಳೆ ವಿದ್ಯಾರ್ಥಿಗಳು ಕೊಲ್ಲಿ ರಾಷ್ಟ್ರಗಳಲ್ಲಿ ಬಹಳ ಮಂದಿ. ಕೆನಡಾ, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದವರೂ ಇದ್ದಾರೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಓದಿದವರೇ ಆಗಿರಬಹುದು. ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಗೆ (2010) ಅವರು ಬೇರೆ ಬೇರೆ. ಕುವೈತ್‌ನಲ್ಲಿ ದುಡಿಯುವವರ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೆ, ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ವಂತಿಗೆಯಲ್ಲ. ಕೆನಡಾದ ಪೌರತ್ವ ಪಡೆದವರ ಹಣ ವಿದೇಶಿ ವಂತಿಗೆ. ಅವರು ಊರಿನ ಹಬ್ಬಕ್ಕೆ ಬಂದು ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ವಂತಿಗೆಯೇ. ನಿರ್ಧರಿಸುವುದು ನಾಣ್ಯವೂ ಅಲ್ಲ, ಊರೂ ಅಲ್ಲ, ಪೌರತ್ವ. 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ನವದೆಹಲಿಯ ಭಾರತೀಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ನಿಗದಿತ ಖಾತೆಗೇ ಬರಬೇಕು, ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ ಪಡೆಯಬಹುದು, ಪಡೆದದ್ದನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ, ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ.

ಹಳೆ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಶಾಲೆಯ ಖಾತೆ ಸಂಖ್ಯೆ ಹಾಕಿ 'ಎಲ್ಲರೂ ಕೈಜೋಡಿಸಿ' ಎಂದು ಬರೆಯುವ ಉತ್ಸಾಹಿಗಳಿಗೆ ಈ ಭಾಗವನ್ನು ದಯವಿಟ್ಟು ಓದಿ ಹೇಳಿ. ಮೊದಲು ಪೌರತ್ವ ಕೇಳುವುದು ಅವಮಾನವಲ್ಲ, ಕೊಡುವವರನ್ನೂ ಶಾಲೆಯನ್ನೂ ಕಾಪಾಡುವ ಪ್ರಶ್ನೆ.

ಸಂಬಂಧ ಕಟ್ಟುವ ಹಳೆಯ ಮಾದರಿಗಳು

ಹಿಂದೆ ಈ ಶಾಲೆಗಳ ಅತಿ ದೊಡ್ಡ ದಾನಿಗಳು ಸಿಸ್ಟರ್‌ಗಳೇ. ತಮ್ಮ ದುಡಿಮೆಗೆ ತೀರ ಕಡಿಮೆ ಪಡೆದು ಶಾಲೆ ನಡೆಸಿದರು. ಅಮೆರಿಕದ ಕ್ಯಾಥೊಲಿಕ್ ಶಾಲೆಗಳಲ್ಲಿ 1960ರ ದಶಕದ ನಂತರ ಸಿಸ್ಟರ್‌ಗಳ ಸಂಖ್ಯೆ ಕುಸಿದು, ಸಂಬಳದ ಶಿಕ್ಷಕರು ಬಂದಾಗ ಶುಲ್ಕ ಏರಿತು, ನಿಧಿ ಸಂಗ್ರಹವೇ ಒಂದು ವೃತ್ತಿಯಾಯಿತು. ಆ ದೇಶದಿಂದ ಕಲಿಯಬೇಕಾದ ಒಂದು ಮಾದರಿ ಅನ್ನದ ಬಟ್ಟಲಿನದು. 1975ರಲ್ಲಿ ಪೆನ್ಸಿಲ್ವೇನಿಯಾದ ಅಲೆನ್‌ಟೌನ್‌ನಲ್ಲಿ ಶುರುವಾದ 'ರೈಸ್ ಬೌಲ್' ಈಗ ಅಮೆರಿಕದ ಕ್ಯಾಥೊಲಿಕ್ ನೆರವು ಸಂಸ್ಥೆಯಾದ ಕ್ಯಾಥೊಲಿಕ್ ರಿಲೀಫ್ ಸರ್ವಿಸಸ್‌ನ ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲದ) ಕಾರ್ಯಕ್ರಮ. ರಟ್ಟಿನ ಪುಟ್ಟ ಪೆಟ್ಟಿಗೆ ನಲವತ್ತು ದಿನ ಮನೆಯ ಊಟದ ಮೇಜಿನ ಮೇಲಿರುತ್ತದೆ. ಸರಳ ಊಟ ಮಾಡಿ ಉಳಿಸಿದ ಹಣ ಅದರೊಳಗೆ. ನೆರವು ಪಡೆಯುವ ದೇಶಗಳ ಅಡುಗೆಯ ವಿಧಾನವನ್ನೂ ಮನೆಗೆ ಕಳಿಸುತ್ತಾರೆ. ಕೂಡಿದ ಹಣದ ಶೇ 25 ಸ್ಥಳೀಯ ಧರ್ಮಪ್ರಾಂತ್ಯದಲ್ಲೇ ಹಸಿವಿನ ವಿರುದ್ಧದ ಕೆಲಸಕ್ಕೆ ಉಳಿಯುತ್ತದೆ. ನನಗೆ ಹಿಡಿಸಿದ್ದು ಆ ಪಾಲು: ದೂರದವರಿಗೆ ಕೊಟ್ಟದ್ದರ ಒಂದು ಭಾಗ ಹತ್ತಿರದವರ ಕಣ್ಣಿಗೂ ಕಾಣುತ್ತದೆ. ನಮ್ಮಲ್ಲಿ ಕ್ಯಾಥೊಲಿಕ್ ಸಮಾಜಸೇವಾ ಸಂಸ್ಥೆ ಕಾರಿತಾಸ್ ಇಂಡಿಯಾ ತಪಸ್ಸುಕಾಲದಲ್ಲಿ ಹಸಿವು ಮತ್ತು ರೋಗದ ವಿರುದ್ಧ ಅಭಿಯಾನ ನಡೆಸುತ್ತದೆ.

ಇನ್ನೂ ಹಳೆಯ ಮಾದರಿ ಸಂತ ವಿನ್ಸೆಂಟ್ ದೆ ಪೌಲ್ ಸಭೆಯದು. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಝನಾಮ್ ಮತ್ತು ಸಂಗಡಿಗರು ಆರಂಭಿಸಿದ ಈ ಸಭೆ ಇಂದು ನಮ್ಮ ಎಷ್ಟೋ ಚರ್ಚುಗಳಲ್ಲಿದೆ. ಸದಸ್ಯರು ಬಡವರ ಮನೆಗೆ ತಾವೇ ಹೋಗುತ್ತಾರೆ. ಸಭೆಯಲ್ಲಿ ಒಂದು ಚೀಲ ಕೈಯಿಂದ ಕೈಗೆ ಸಾಗುತ್ತದೆ, ಯಾರು ಎಷ್ಟು ಹಾಕಿದರೆಂದು ಯಾರಿಗೂ ಕಾಣುವುದಿಲ್ಲ. ಕೊಡುವವನೇ ಹೋಗಿ ನೋಡುವ ಈ ಕ್ರಮದಲ್ಲಿ ವರದಿ ಬೇರೆಯಾಗಿ ಬೇಕಾಗುವುದಿಲ್ಲ. ಮಂಗಳೂರಿನ ಚರ್ಚುಗಳ ವಾಳೆಯ (ಚರ್ಚಿಗೆ ಸೇರಿದ ಮನೆಗಳ ಒಂದು ಗುಂಪಿನ) ಮುಖಂಡರಾದ ಗುರಿಕಾರರದ್ದೂ ಇಂಥದೇ ಬಲ: ಯಾವ ಮನೆಯಲ್ಲಿ ಕಾಯಿಲೆ, ಯಾವ ಮನೆಯಲ್ಲಿ ಮದುವೆ ಎಂದು ಬಲ್ಲವರಿಗೆ ಯಾರನ್ನು ಈಗ ಕೇಳಬಾರದು ಎಂಬುದೂ ಗೊತ್ತಿರುತ್ತದೆ. ಯಾವ ಕಂಪ್ಯೂಟರ್ ಪಟ್ಟಿಯಲ್ಲೂ ಆ ಅಂಕಣ ಇರುವುದಿಲ್ಲ.

ಅಭ್ಯಾಸಕ್ಕೆ

ನಿಮ್ಮ ಶಾಲೆಯ ಹಿಂದಿನ ವರ್ಷದ ರಸೀದಿ ಪುಸ್ತಕದಿಂದ ಉದ್ದೇಶ ಬರೆದಿರುವ ಹತ್ತು ರಸೀದಿಗಳನ್ನು ಆರಿಸಿ. ಪ್ರತಿಯೊಂದರ ಮುಂದೆ ಮೂರು ವಿಷಯ ಬರೆಯಿರಿ: ಹಣ ಯಾವ ದಿನ ಖರ್ಚಾಯಿತು, ಯಾವ ಬಿಲ್ಲಿಗೆ, ದಾನಿಗೆ ಅದನ್ನು ಯಾವಾಗ ತಿಳಿಸಲಾಯಿತು. ಮೂರನೆಯ ಅಂಕಣ ಖಾಲಿ ಇರುವ ದಾನಿಗಳಿಗೆ ಪತ್ರ ಬರೆಯಿರಿ, ಆ ಪತ್ರದಲ್ಲಿ ಮತ್ತೆ ಹಣ ಕೇಳಬೇಡಿ. ಗ್ರಂಥಾಲಯದ ಆ ಹಿರಿಯರಿಗೆ ನಾವು ಬರೆದದ್ದು ಒಂದೇ ಪುಟ. ಗೋಡೆಗೆ ಎಷ್ಟಾಯಿತು, ಗ್ರಂಥಾಲಯಕ್ಕೆ ಆ ಮೊತ್ತವನ್ನು ಯಾವ ತಿಂಗಳೊಳಗೆ ತುಂಬಿಕೊಡುತ್ತೇವೆ, ಕೇಳದೆ ಮಾಡಿದ್ದು ತಪ್ಪು ಎಂದು. ಪುಸ್ತಕಗಳು ಬಂದ ದಿನ ಅವುಗಳ ಪಟ್ಟಿಯನ್ನು ಕ್ರಮಸಂಖ್ಯೆಯೊಂದಿಗೆ ಅಂಚೆಯಲ್ಲಿ ಕಳಿಸಿದೆವು.