ಅಳಗುಳಿ ಮಣೆಯಲ್ಲಿ ಏಳರ ಮಗ್ಗಿ

ಎರಡನೇ ತರಗತಿ ಮುಗಿಯುವ ಹೊತ್ತಿಗೆ ಎಷ್ಟೋ ಮಕ್ಕಳಿಗೆ ಐದರವರೆಗಿನ ಮಗ್ಗಿ ಬಾಯಿಪಾಠವಾಗಿರುತ್ತದೆ. ‘ಮೂರಾರ್ಲ ಎಷ್ಟು?’ ಎಂದರೆ ಥಟ್ಟನೆ ಹದಿನೆಂಟು ಎನ್ನುತ್ತಾರೆ. ಅದೇ ಮಗುವಿಗೆ ‘ಸ್ಟ್ಯಾಂಡಿನಲ್ಲಿ ಆರು ಆಟೋ ನಿಂತಿವೆ, ಒಟ್ಟು ಚಕ್ರ ಎಷ್ಟು?’ ಎಂದು ಕೇಳಿ ನೋಡಿ. ಕೆಲವರು ಬೆರಳು ಮಡಚುತ್ತ ಒಂದೊಂದೇ ಚಕ್ರ ಎಣಿಸುತ್ತಾರೆ, ಕೆಲವರು ಆರಕ್ಕೆ ಮೂರು ಕೂಡಿಸಿ 9 ಎನ್ನುತ್ತಾರೆ. ನೆನಪಿನ ಶಕ್ತಿಗೇನೂ ಕೊರತೆಯಿಲ್ಲ. ಈ ಲೆಕ್ಕಕ್ಕೂ ಆ ಮಗ್ಗಿಗೂ ಸಂಬಂಧ ಇದೆ ಎಂಬುದೇ ಇನ್ನೂ ಹೊಳೆದಿಲ್ಲ.

ಎಣಿಕೆ ಕಲಿಯುವಾಗ ಮಗು ರೂಢಿಸಿಕೊಂಡದ್ದು ಒಂದು ವಸ್ತುವಿಗೆ ಒಂದು ಸಂಖ್ಯೆ ಎಂಬ ಲೆಕ್ಕವನ್ನು. ಗುಣಾಕಾರಕ್ಕೆ ಬಂದಾಗ ಮೂರು ಚಕ್ರಗಳ ಇಡೀ ಗುಂಪನ್ನೇ ಒಂದು ಎಂದು ಎಣಿಸಬೇಕು, ಅದರೊಳಗೆ ಮೂರು ಇದೆ ಎಂಬುದನ್ನೂ ಮರೆಯಬಾರದು. ಏಳೆಂಟು ವರ್ಷದ ಮಗುವಿಗೆ ಏಕಕಾಲಕ್ಕೆ ಈ ಎರಡು ಲೆಕ್ಕ ಇಟ್ಟುಕೊಳ್ಳುವುದು ಸುಲಭವಲ್ಲ, ಬಾಯಲ್ಲಿ ಹೇಳಿ ಅರ್ಥ ಮಾಡಿಸುವುದು ಇನ್ನೂ ಕಷ್ಟ. ಗುಂಪನ್ನು ಮಗು ತಾನೇ ಕೈಯಾರೆ ಮಾಡಬೇಕು.

ಅದಕ್ಕೆ ಅಳಗುಳಿ ಮಣೆಯಷ್ಟು ಒದಗಿಬರುವ ಸಾಧನ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ. ಕರಾವಳಿಯಲ್ಲಿ ಇದನ್ನೇ ಚೆನ್ನೆಮಣೆ ಎನ್ನುತ್ತಾರೆ. ಎರಡು ಸಾಲು, ಸಾಲಿಗೆ ಏಳು ಗುಳಿ. ಮಣೆ ಇಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಿಂದ 14 ವೃತ್ತ ಬರೆದರೂ ಆಯಿತು. ಆಡಲು ಹುಣಸೆ ಬೀಜ ಸಾಕು. (ಗುಲಗಂಜಿ ಮಾತ್ರ ಬೇಡ. ನೋಡಲು ಚೆಂದ, ಆದರೆ ಕಚ್ಚಿ ನುಂಗಿದರೆ ವಿಷ.)

ಮೊದಲ ಗುಳಿಗೆ ನಾಲ್ಕು ಬೀಜ ಹಾಕಿ ಮಗು ‘ನಾಲ್ಕು’ ಎನ್ನಲಿ. ಎರಡನೆಯದಕ್ಕೂ ನಾಲ್ಕು ಹಾಕಿ ‘ಎಂಟು’, ಮೂರನೆಯದಕ್ಕೆ ‘ಹನ್ನೆರಡು’. ಮೊದಮೊದಲು ಪ್ರತಿ ಸಲವೂ ಹಿಂದಿನ ಗುಳಿಗೆ ಹೋಗಿ, ಒಂದೊಂದೇ ಬೀಜ ಮುಟ್ಟಿ, ಒಂದರಿಂದ ಎಣಿಸಿಕೊಂಡು ಬರುತ್ತದೆ. ಬರಲಿ, ಅವಸರ ಮಾಡಬೇಡಿ. ಆಡುತ್ತಾ ಆಡುತ್ತಾ ಬೆರಳು ಬೀಜಗಳನ್ನು ಬಿಟ್ಟು ಗುಳಿಯಿಂದ ಗುಳಿಗೆ ಜಿಗಿಯತೊಡಗುತ್ತದೆ. ನೀವು ಕಾಯಬೇಕಾದದ್ದು ಇದಕ್ಕೇ.

ಏಳು ಗುಳಿ ತುಂಬಿದಾಗ 28. ಎದುರು ಸಾಲಿಗೂ ನಾಲ್ಕು ನಾಲ್ಕು ಹಾಕಿಸಿ, ಎಣಿಸುವ ಮೊದಲೇ ‘ಈಗ ಎಷ್ಟಾಗಬಹುದು?’ ಎಂದು ಕೇಳಿ. 28ರ ಎರಡರಷ್ಟು, 56. ಆಮೇಲೆ ಎದುರುಬದುರು ಇರುವ ಎರಡೆರಡು ಗುಳಿಗಳನ್ನು ಜೋಡಿ ಮಾಡಿ ನೋಡಲು ಹೇಳಿ. ಜೋಡಿಗೆ ಎಂಟು ಬೀಜ, ಅಂಥವು ಏಳು ಜೋಡಿ. ಏಳೆಂಟ್ಲ ಐವತ್ತಾರು! ಮಕ್ಕಳು ತಡವರಿಸುವ ಸಾಲುಗಳಲ್ಲಿ ಇದೂ ಒಂದು. ಇನ್ನು ಮೇಲೆ ಮರೆತರೂ ಚಿಂತೆಯಿಲ್ಲ, ಏಳ್ನಾಲ್ಕ್ಲ ಗೊತ್ತಿದ್ದರೆ ಅದನ್ನೇ ದುಪ್ಪಟ್ಟು ಮಾಡಿಕೊಂಡು ತಲುಪಬಹುದು.

ಗುಂಪು ಅರ್ಥವಾದ ಮೇಲೆ ಸಾಲು. ಅಂಗಳದಲ್ಲಿ ಐದು ಚುಕ್ಕಿಯ ನಾಲ್ಕು ಸಾಲು ಇಡಿ. ಮಗು ಎದ್ದು ಪಕ್ಕಕ್ಕೆ ಬಂದು ನಿಂತರೆ ಅದೇ ರಂಗೋಲಿ ನಾಲ್ಕು ಚುಕ್ಕಿಯ ಐದು ಸಾಲಾಗಿ ಕಾಣುತ್ತದೆ. ಒಂದು ಚುಕ್ಕಿಯೂ ಅಲುಗಿಲ್ಲ, ಹಾಗಾಗಿ ಎರಡೂ 20. ಐದನ್ನು ನಾಲ್ಕರಿಂದ ಗುಣಿಸಿದರೂ ನಾಲ್ಕನ್ನು ಐದರಿಂದ ಗುಣಿಸಿದರೂ ಒಂದೇ ಎಂಬ ನಿಯಮ ಆಟೋ ಚಕ್ರಗಳಲ್ಲಿ ಇಷ್ಟು ಸಲೀಸಾಗಿ ಕಾಣುವುದಿಲ್ಲ. ಜೊತೆಗೆ ‘7ರಿಂದ 4’ರ ರಂಗೋಲಿಯನ್ನೂ ಇಡಿಸಿ: ನಡುವೆ ಏಳು ಚುಕ್ಕಿ, ಎರಡೂ ಕಡೆಗೆ ಆರು, ಐದು, ನಾಲ್ಕು. ಒಟ್ಟು 37. ಇದಕ್ಕೆ ಮಗ್ಗಿ ಏಕೆ ನಡೆಯುವುದಿಲ್ಲ ಎಂದು ಕೇಳಿದರೆ, ಸಾಲುಗಳು ಸಮ ಇಲ್ಲ ಎಂದು ಮಗುವೇ ಹೇಳುತ್ತದೆ. 37 ಬೀಜ ಕೊಟ್ಟು ‘ಹಾಗಾದರೆ ಸಮ ಸಾಲು ಮಾಡು’ ಎಂದರೆ ಎರಡು, ಮೂರು, ಐದು, ಹೇಗೆ ಜೋಡಿಸಿದರೂ ಮಿಗುತ್ತಲೇ ಇರುತ್ತದೆ. ಅವಿಭಾಜ್ಯ ಸಂಖ್ಯೆಯ ಪರಿಚಯ ಹೆಸರು ಕೇಳುವ ಮೊದಲೇ ಆಗಿಬಿಡುತ್ತದೆ.

ಮುಂದೆ ದೊಡ್ಡ ಲೆಕ್ಕಕ್ಕೂ ಇದೇ ಚುಕ್ಕಿಗಳು. 14 ಚುಕ್ಕಿಯ ಆರು ಸಾಲು ಇಟ್ಟು, ಹತ್ತನೇ ಚುಕ್ಕಿ ಆದ ಮೇಲೆ ಮೇಲಿಂದ ಕೆಳಗೆ ಒಂದು ಪೊರಕೆ ಕಡ್ಡಿ ಇಡಿ. ಒಂದು ಕಡೆ 60, ಇನ್ನೊಂದು ಕಡೆ 24, ಸೇರಿ 84. ಪುಸ್ತಕದಲ್ಲಿ 14 ಗುಣಿಸು 6 ಮಾಡುವಾಗ ‘ನಾಲ್ಕು ಬರೆದು ಕೈಯಲ್ಲಿ ಎರಡು’ ಎನ್ನುತ್ತೇವಲ್ಲ, ಆ ಎರಡು ಎಂದರೆ ಕಡ್ಡಿಯ ಆಚೆಗಿರುವ 24ರೊಳಗಿನ 20.

ಬೀಜ ಕೊಟ್ಟ ಮಾತ್ರಕ್ಕೆ ಗಣಿತ ಬಂದುಬಿಡುವುದಿಲ್ಲ. ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಕಲಿಕೆಗೆ ಮೂರು ರೂಪಗಳನ್ನು ಹೇಳಿದರು: ಕೈಯಿಂದ ಮಾಡುವುದು, ಚಿತ್ರವಾಗಿ ಕಾಣುವುದು, ಸಂಕೇತದಲ್ಲಿ ಬರೆಯುವುದು. ನಡುವಿನದನ್ನು ನಾವು ಸಾಮಾನ್ಯವಾಗಿ ಹಾರಿಸಿಬಿಡುತ್ತೇವೆ. ಆಟ ಮುಗಿದ ಮೇಲೆ ಮಣೆಯನ್ನು ಹಾಳೆಯಲ್ಲಿ ಬರೆಯಿಸಿ. ಇನ್ನೊಂದು ದಿನ ಅರ್ಧ ಮಣೆಗೆ ಟವೆಲ್ ಮುಚ್ಚಿ, ಅಡಿಯಲ್ಲಿ ಎಷ್ಟು ಬೀಜ ಇವೆ ಎಂದು ಕೇಳಿ. ಕಾಣದ್ದನ್ನು ಲೆಕ್ಕ ಹಾಕುವ ಮಗುವಿಗೆ ಗುಣಾಕಾರದ ಚಿಹ್ನೆ ಭಾರವೆನಿಸುವುದಿಲ್ಲ.

ಇಷ್ಟಾದ ಮೇಲೆ ಮಗ್ಗಿ ಬಾಯಿಪಾಠ ಮಾಡಿಸಲೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹೊರೆ ಈಗ ಎಷ್ಟು ಇಳಿದಿದೆ ನೋಡಿ. ಹತ್ತರವರೆಗೆ ಒಟ್ಟು 100 ಸಾಲು. ತಿರುಗಿಸಿದರೆ ಒಂದೇ ಎಂದು ತಿಳಿದ ಮಗುವಿಗೆ 55 ಉಳಿಯುತ್ತವೆ. ಒಂದು, ಎರಡು, ಐದು, ಹತ್ತು ಬರುವ ಸಾಲುಗಳು ಬೀಜ ಹಾಕುತ್ತಲೇ ನಾಲಿಗೆಗೆ ಬಂದಿರುತ್ತವೆ. ಅವನ್ನೂ ತೆಗೆದರೆ ಕೂತು ಕಲಿಯಬೇಕಾದದ್ದು ಬರೀ 21. ದಿನಕ್ಕೊಂದರಂತೆ ಹೇಳಿಸಿದರೂ ಬೇಸಿಗೆ ರಜೆಯಲ್ಲಿ ಮುಗಿದು, ಅಜ್ಜಿ ಮನೆಗೆ ಹೋಗಿಬರಲು ದಿನ ಉಳಿಯುತ್ತದೆ.